ನಾಸಿಕ್ ರೋಡಿನಲ್ಲಿ ಕೇಳಿದ 'ಪ್ರೇಮಲೋಕ'

ಕನ್ನಡ ಸಿನಿಮಾ ಸಂಗೀತದ ಚರಿತ್ರೆ ಹೇಳುವವರು 1987ನೇ ಇಸವಿಗೆ ಬಂದಾಗ ಒಂದು ಗೆರೆ ಎಳೆಯುತ್ತಾರೆ. ಗೆರೆಯ ಆಚೆ ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ, ವಿಜಯಭಾಸ್ಕರ್, ಎಂ. ರಂಗರಾವ್ ಅವರ ಕಾಲ. ಈಚೆ ಹಂಸಲೇಖ ಅವರ ಕಾಲ. ಗೆರೆಯ ಮೇಲೆಯೇ ಕೂತಿರುವುದು 'ಪ್ರೇಮಲೋಕ'. ಬೆಂಗಳೂರಿನಲ್ಲಿ ಕೂತು ಎಳೆದ ಗೆರೆ ಇದು, ತಪ್ಪೇನಿಲ್ಲ ಬಿಡಿ. ಆದರೆ ಅದೇ ಕ್ಯಾಸೆಟ್ಟನ್ನು ಗೋದಾವರಿಯ ಸೀಮೆಯಲ್ಲಿ, ಸುತ್ತ ಮರಾಠಿಯ ನಡುವೆ ಕೂತು ಕೇಳಿದವರಿಗೆ ಲೆಕ್ಕ ಸ್ವಲ್ಪ ಬೇರೆ ಬರುತ್ತದೆ. ಆ ಲೆಕ್ಕವನ್ನು ಊರಿನವರಿಗೆ ಒಪ್ಪಿಸೋಣ ಅಂತ ಈ ಬರಹ.

ನಾನು ತಿಪಟೂರಿನ ಕಡೆಯವನು. ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿ, 1986ರಲ್ಲಿ ವರ್ಗವಾಗಿ ನಾಸಿಕ್ ರೋಡಿಗೆ ಬಂದೆ. ನಾಸಿಕ್ ಬೇರೆ, ನಾಸಿಕ್ ರೋಡ್ ಬೇರೆ. ನಾಸಿಕ್ ಅಂದರೆ ಪಂಚವಟಿ, ರಾಮಕುಂಡ, ಯಾತ್ರಿಕರು. ನಾಸಿಕ್ ರೋಡ್ ಅಂದರೆ ರೈಲ್ವೆ ಸ್ಟೇಷನ್ನು, ಮತ್ತು 1920ರ ದಶಕದಿಂದ ಇಲ್ಲಿರುವ ಎರಡು ಸರ್ಕಾರಿ ಮುದ್ರಣಾಲಯಗಳು. ಒಂದರಲ್ಲಿ ಅಂಚೆಚೀಟಿ, ಛಾಪಾ ಕಾಗದ, ಇನ್ನೊಂದರಲ್ಲಿ ನೋಟು. ಪಕ್ಕದ ದೇವಳಾಲಿಯಲ್ಲಿ ಫಿರಂಗಿ ದಳದವರು. ಆಚೆ ಓಝರಿನಲ್ಲಿ 1964ರಲ್ಲಿ ಶುರುವಾದ ಎಚ್.ಎ.ಎಲ್. ವಿಮಾನ ಕಾರ್ಖಾನೆ. ಎಚ್.ಎ.ಎಲ್. ಇದ್ದಲ್ಲಿ ಬೆಂಗಳೂರಿನವರು ಇಲ್ಲದೆ ಇರುತ್ತಾರೆಯೇ? ಅವರು, ಹೋಟೆಲಿನವರು, ಸೊಲ್ಲಾಪುರ ಕಡೆಯ ಕನ್ನಡ ಮನೆಗಳವರು, ನಮ್ಮಂಥ ಬ್ಯಾಂಕಿನವರು - ಎಲ್ಲ ಸೇರಿ ಒಂದು ಸಣ್ಣ ಕೂಟ ಆಗಿತ್ತು. ಹಬ್ಬಕ್ಕೆ ಸೇರುವುದು, ನವೆಂಬರಿನಲ್ಲಿ ರಾಜ್ಯೋತ್ಸವ ಮಾಡುವುದು, ಊರಿಂದ ಬಂದವರ ಚೀಲದಲ್ಲಿ ಹೊಸ ಕ್ಯಾಸೆಟ್ ಏನಿದೆ ಅಂತ ನೋಡುವುದು.

ಆಗ ನಮ್ಮ ಮನೆಗಳಲ್ಲಿ ಇದ್ದದ್ದು ಭಾವಗೀತೆಯ ಕ್ಯಾಸೆಟ್ಟುಗಳು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂದು ಕ್ಯಾಸೆಟ್ಟಿನಲ್ಲೂ ಕವಿತೆ ಮಾರಾಟವಾಗುತ್ತದೆ ಅಂತ ತೋರಿಸಿತ್ತು. ಸಿ. ಅಶ್ವಥ್ ಅವರ ದನಿ ಇತ್ತು. ಜೊತೆಗೆ ದಾಸರ ಪದ, ವಚನ, ರಾಜ್‌ಕುಮಾರ್ ಹಾಡುಗಳು. ಹಾರ್ಮೋನಿಯಂ, ತಬಲ, ಕೊಳಲು, ಪಿಟೀಲು. ಇವೆಲ್ಲ ದೊಡ್ಡವರಿಗೆ ಊರಿನ ನೆನಪು. ಮಕ್ಕಳಿಗೆ?

ಇಲ್ಲಿದೆ ನಿಜವಾದ ಸಮಸ್ಯೆ. ನಮ್ಮ ಮಕ್ಕಳು ಓದುವುದು, ಆಡುವುದು, ಜಗಳ ಮಾಡುವುದು ಎಲ್ಲ ಮರಾಠಿಯಲ್ಲಿ. ನಾಸಿಕ್ಕಿನಲ್ಲಿ ಮರಾಠಿ ಅಂದರೆ ಬರೀ ಬೀದಿಯ ಭಾಷೆ ಅಲ್ಲ, ಅಭಿಮಾನದ ಭಾಷೆ. ಇದೇ ಊರಿನಲ್ಲಿ ಬಾಳಿದ ಕವಿ ಕುಸುಮಾಗ್ರಜರಿಗೆ 1987ನೇ ಸಾಲಿನ ಜ್ಞಾನಪೀಠ ಬಂತು. ಮಕ್ಕಳ ಕಿವಿಗೆ ಮರಾಠಿ ಎಲ್ಲ ರೂಪದಲ್ಲೂ ಬೀಳುತ್ತಿತ್ತು - ಕವಿತೆ, ನಾಟಕ, ತರಕಾರಿಯವನ ಕೂಗು, ಗೆಳತಿಯ ಮುನಿಸು. ಕನ್ನಡ ಮಾತ್ರ ಎರಡೇ ರೂಪದಲ್ಲಿ. ಒಂದು, ಊಟಕ್ಕೆ ಬಾ, ಓದ್ಕೋ, ಮಲಕ್ಕೋ ಅನ್ನುವ ಅಪ್ಪ-ಅಮ್ಮನ ಅಪ್ಪಣೆ. ಇನ್ನೊಂದು, ಕ್ಯಾಸೆಟ್ಟಿನ ಗ್ರಾಂಥಿಕ ಕನ್ನಡ. ಅಪ್ಪಣೆಗೆ ಉತ್ತರ ಮರಾಠಿಯಲ್ಲಿ ಬರುತ್ತಿತ್ತು. ನಮ್ಮ ಮಗಳೇ 'ಮಲಾ ನೀರು ದೇ' ಅನ್ನುತ್ತಿದ್ದಳು. ಆ ವಾಕ್ಯದಲ್ಲಿ ನೀರು ಒಂದೇ ಕನ್ನಡ.

ಅಂಥ ಹೊತ್ತಿನಲ್ಲಿ ಬಂತು 'ಪ್ರೇಮಲೋಕ'. ರವಿಚಂದ್ರನ್ ನಿರ್ದೇಶನ, ಜೂಹಿ ಚಾವ್ಲಾ ನಾಯಕಿ, ಲಹರಿಯ ಕ್ಯಾಸೆಟ್. ಕಥೆಗೆ 'ಗ್ರೀಸ್ 2' (1982) ಎಂಬ ಇಂಗ್ಲಿಷ್ ಚಿತ್ರದ ಪ್ರೇರಣೆ ಇತ್ತು. ಸಾಹಿತ್ಯವೂ ಸಂಗೀತವೂ ಒಬ್ಬರದೇ, ಹಂಸಲೇಖ ಅವರದು. ಅದಕ್ಕೆ ಮುಂಚೆ ನಮ್ಮಲ್ಲಿ ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್ ಅಂಥವರು ಮಾತು ಬರೆಯುವುದು, ಬೇರೆಯವರು ರಾಗ ಹಾಕುವುದು ರೂಢಿ. ಇಲ್ಲಿ ಮಾತಿಗೂ ರಾಗಕ್ಕೂ ಒಂದೇ ತಲೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ, ಯೇಸುದಾಸ್, ಎಸ್. ಜಾನಕಿ ಹಾಡಿದರು. ಒಂದು ಚಿತ್ರಕ್ಕೆ ಐದಾರು ಹಾಡು ಇರುತ್ತಿದ್ದ ಕಾಲದಲ್ಲಿ ಇದರಲ್ಲಿ ಅದರ ಸುಮಾರು ಎರಡು ಪಟ್ಟು. ಕಥೆಯೇ ಹಾಡಿನಲ್ಲಿ ನಡೆಯುತ್ತದೆ. ಮತ್ತೆ ಎಲ್ಲೆಲ್ಲೂ ಸಿಂಥಸೈಜರ್, ಎಲೆಕ್ಟ್ರಾನಿಕ್ ಡ್ರಮ್ಮಿನ ಸದ್ದು.

ಈ ಸದ್ದು ಆಕಾಶದಿಂದ ಬಿದ್ದದ್ದಲ್ಲ. 1983ರಲ್ಲಿ ಯಮಹಾ ಕಂಪನಿ ಡಿಎಕ್ಸ್-7 ಎಂಬ ಡಿಜಿಟಲ್ ಕೀಬೋರ್ಡ್ ತಂದಿತು. 61 ಮನೆ, ಒಟ್ಟಿಗೆ 16 ಸ್ವರ ನುಡಿಸುವ ಶಕ್ತಿ. ಗಂಟೆ, ತುತ್ತೂರಿ, ಪಿಟೀಲಿನ ಗುಂಪು - ಎಲ್ಲದರ ಅಣಕ ಅದರೊಳಗೆ. ಒಂದು ಕಂಪನಿಯ ವಾದ್ಯ ಇನ್ನೊಂದು ಕಂಪನಿಯ ವಾದ್ಯದ ಜೊತೆ ಮಾತಾಡುವ 'ಮಿಡಿ' ಎಂಬ ಒಪ್ಪಂದವೂ ಅದೇ ವರ್ಷ ಬಂತು. ಭಾರತದಲ್ಲಿ ಅದಕ್ಕೂ ಮುಂಚೆಯೇ ಡಿಸ್ಕೋ ಹಾದಿ ಹಾಕಿತ್ತು. ಕೊಡಗಿನ ಮನೆತನದ, ಬೆಂಗಳೂರಿನಲ್ಲಿ ಹಾಡಿಕೊಂಡಿದ್ದು ಲಂಡನ್ನಿಗೆ ಹೋದ ಬಿದ್ದು ಅಪ್ಪಯ್ಯ 1980ರ 'ಕುರ್ಬಾನಿ'ಯ ಒಂದು ಹಾಡಿನಲ್ಲೂ 1981ರ 'ಡಿಸ್ಕೋ ದಿವಾನೆ'ಯಲ್ಲೂ ಆ ರುಚಿ ಹತ್ತಿಸಿದ್ದರು. 1986ರಲ್ಲಿ ತಮಿಳಿನಲ್ಲಿ ಇಳಯರಾಜ 'ಪುನ್ನಗೈ ಮನ್ನನ್' ಚಿತ್ರಕ್ಕೆ ಕಂಪ್ಯೂಟರ್ ಬಳಸಿದರು. ಹಾಗಾಗಿ ಯಂತ್ರವನ್ನು ಹಂಸಲೇಖ ಕಂಡುಹಿಡಿಯಲಿಲ್ಲ. ಅದರ ಮೇಲೆ ಯಾವ ಕನ್ನಡವನ್ನು ಕೂರಿಸಿದರು ಎಂಬುದೇ ಪ್ರಶ್ನೆ.

ನಮ್ಮ ಕೂಟದಲ್ಲಿ ಎರಡು ಪಕ್ಷ ಆಯಿತು. ಹಿರಿಯರೊಬ್ಬರು, ಅನಂತಸ್ವಾಮಿಯವರ ಪರಮ ಭಕ್ತರು, 'ಇದು ಹಾಡೇನ್ರೀ, ಪ್ರೆಸ್ಸಿನ ಮಿಷನ್ನು ಓಡ್ದಂಗೆ ಕೇಳ್ಸುತ್ತೆ' ಅಂದರು. ಪ್ರೆಸ್ಸಿನಲ್ಲೇ ಕೆಲಸ ಮಾಡುತ್ತಿದ್ದ ಇನ್ನೊಬ್ಬರು 'ಸ್ವಾಮಿ, ಆ ಮಿಷನ್ನೇ ನಮಗೆ ಅನ್ನ ಹಾಕೋದು' ಅಂತ ನಕ್ಕರು. ನಾನು ಕೂಟದ ಖಜಾಂಚಿ. ಖಜಾಂಚಿಗೆ ಪಕ್ಷ ಇರಬಾರದು. ಆದರೆ ಮನೆಗೆ ಹೋಗಿ ಕ್ಯಾಸೆಟ್ ಹಾಕಿ ಕೇಳುತ್ತಿದ್ದೆ.

ಯಂತ್ರ ಬಂದು ಕನ್ನಡ ಹೋಯಿತು ಎಂಬುದು ಆಗಿನ ದೂರು. ನನ್ನ ಕಿವಿಗೆ ಕೇಳಿಸಿದ್ದು ಬೇರೆ. ಹಳೆಯ ಹಾಡಿನಲ್ಲಿ ಪಿಟೀಲಿನ ಗುಂಪು ಏರುತ್ತಾ ಹೋದಂತೆ ಮಾತೂ ಏರಬೇಕು, ಸ್ವರ ಎಳೆಯಬೇಕು. ಅಲ್ಲಿ 'ಬರುವೆನು, ತರುವೆನು' ಚೆನ್ನಾಗಿ ಕೂರುತ್ತದೆ. ಎಲೆಕ್ಟ್ರಾನಿಕ್ ತಾಳ ಹಾಗಲ್ಲ. ಅದು ಯಾರಿಗೂ ಕಾಯದೆ ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಹಾಡುವವರು ನಡುವೆ ನಿಲ್ಲಬಹುದು, ಪ್ರಶ್ನೆ ಕೇಳಬಹುದು, ನಗಬಹುದು, ಎದುರುತ್ತರ ಕೊಡಬಹುದು, ತಾಳ ತಪ್ಪುವುದಿಲ್ಲ. ಅಲ್ಲಿ 'ಬರ್ತೀನಿ, ತರ್ತೀನಿ' ಸಲೀಸಾಗಿ ಕೂರುತ್ತದೆ. 'ಪ್ರೇಮಲೋಕ'ದಲ್ಲಿ ಹುಡುಗ-ಹುಡುಗಿ ಹಾಡುವುದಕ್ಕಿಂತ ಹೆಚ್ಚಾಗಿ ಮಾತಾಡಿಕೊಳ್ಳುತ್ತಾರೆ. ಕಾಲೇಜಿನ ಕಟ್ಟೆಯ ಕನ್ನಡ, ಬಸ್‌ಸ್ಟ್ಯಾಂಡಿನ ಕನ್ನಡ, ಇಂಗ್ಲಿಷ್ ಬೆರೆತ ಕನ್ನಡ. ಯಂತ್ರ ಮಾತಿಗೆ ಜಾಗ ಮಾಡಿಕೊಟ್ಟಿತ್ತು.

ಆಡುಮಾತು ಹಾಡಿಗೆ ಹೊಸದಲ್ಲ ಅನ್ನಬಹುದು, ನಿಜ. ಕೈಲಾಸಂ ಪದಗಳಿದ್ದವು. ಜಿ.ಪಿ. ರಾಜರತ್ನಂ 1930ರ ದಶಕದಲ್ಲೇ 'ರತ್ನನ ಪದಗಳು' ಬರೆದು ಕುಡುಕನ ಬಾಯಿಂದ ಕವಿತೆ ಆಡಿಸಿದ್ದರು. ಅದನ್ನು ಮನೆಮನೆಗೆ ತಲುಪಿಸಿದವರಲ್ಲಿ ಅದೇ ಮೈಸೂರು ಅನಂತಸ್ವಾಮಿ ಮುಖ್ಯರು. ಹಂಸಲೇಖ ಆ ಸಾಲಿಗೆ ಸೇರುತ್ತಾರೆ ಅಂದರೆ ನಮ್ಮ ಹಿರಿಯರು ಆಗ ಒಪ್ಪುತ್ತಿರಲಿಲ್ಲ. ಈಗ ನೋಡಿದರೆ ಸಂಬಂಧ ಕಾಣುತ್ತದೆ.

ಮಗಳಿಗೆ ಆಗ ಐದು ವರ್ಷ. ಯಾರೂ ಹೇಳದೆ ತಾನೇ ಹಾಕಿಕೊಂಡು ಕೇಳಿದ ಮೊದಲ ಕನ್ನಡ ಕ್ಯಾಸೆಟ್ ಇದು. ಅವಳು ಕಲಿತದ್ದು ರಾಗವನ್ನಲ್ಲ, ಉತ್ತರ ಕೊಡುವುದನ್ನು. ಕನ್ನಡದಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲೇ ವಾಪಸ್ ಹೇಳಬಹುದು, ತಮಾಷೆ ಮಾಡಬಹುದು, ಮೂತಿ ತಿರುಗಿಸಬಹುದು ಅಂತ ಅವಳಿಗೆ ಗೊತ್ತಾದದ್ದು ಅಲ್ಲಿಂದ. ಬೇಸಿಗೆಗೆ ತಿಪಟೂರಿಗೆ ಹೋದಾಗ ಅಜ್ಜಿಯ ಜೊತೆ ವಾದಕ್ಕೆ ನಿಂತಳು. ನಮ್ಮಮ್ಮ, 'ಏನೋ ಇದು, ಸಿನಿಮಾದವ್ರ ಹಂಗೆ ಮಾತಾಡ್ತದೆ ಮಗು' ಅಂದರು. ಆಮೇಲೆ ಒಂದು ಗಳಿಗೆ ಬಿಟ್ಟು, 'ಹೋದ್ಸರ್ತಿ ಮಾತೇ ಆಡಿರ್ಲಿಲ್ಲ, ಅಲ್ವಾ?' ಅಂದರು.

ಕೆಲವು ವರ್ಷದ ಹಿಂದೆ ಮಗ ನನಗೆ ಕೆನಡಾದ ಹಾಡುಗಾರ ನೀಲ್ ಯಂಗ್ ಕಥೆ ಹೇಳಿದ. ಗಿಟಾರು, ಹಾರ್ಮೋನಿಕಾ ಹಿಡಿದು ತಾನೇ ಬರೆದದ್ದನ್ನು ಹಾಡಿ ಹೆಸರು ಮಾಡಿದವರು. 1982ರ ಕೊನೆಗೆ 'ಟ್ರಾನ್ಸ್' ಎಂಬ ಆಲ್ಬಂ ತಂದರು. ಬಹುಪಾಲು ಹಾಡುಗಳಲ್ಲಿ ಸಿಂಥಸೈಜರ್. ಅವರ ದನಿಯೂ ವೊಕೋಡರ್ ಎಂಬ ಯಂತ್ರದೊಳಗಿಂದ ಬರುತ್ತದೆ, ಮಾತೇ ಸರಿಯಾಗಿ ತಿಳಿಯುವುದಿಲ್ಲ. ಅಭಿಮಾನಿಗಳು ಕೈಬಿಟ್ಟರು. ಹೀಗೆ ತನ್ನ ಹಳೆಯ ದಾರಿ ಬಿಟ್ಟದ್ದಕ್ಕೆ 1983ರಲ್ಲಿ ಅವರ ರೆಕಾರ್ಡ್ ಕಂಪನಿಯೇ 33 ಲಕ್ಷ ಡಾಲರಿಗೆ ಮೊಕದ್ದಮೆ ಹೂಡಿತು. ಆಮೇಲೆ ತಿಳಿದದ್ದು ಇಷ್ಟು: ಅವರ ಮಗನಿಗೆ ಮಿದುಳಿನ ತೊಂದರೆ, ಮಾತು ಬರುತ್ತಿರಲಿಲ್ಲ. ಆ ಮಗುವಿಗೂ ತನಗೂ ನಡುವೆ ದಾಟದ ಮಾತನ್ನೇ ಆ ಯಂತ್ರದ ದನಿಯಲ್ಲಿ ಹಾಡಿದ್ದರು. ಈಗ ಜನ ಆ ಆಲ್ಬಮ್ಮನ್ನು ಬೇರೆ ಕಿವಿಯಿಂದ ಕೇಳುತ್ತಾರೆ. ನಮ್ಮ ಕಷ್ಟವನ್ನು ಅದರ ಜೊತೆ ಹೋಲಿಸಬಾರದು. ನಮ್ಮ ಮಕ್ಕಳಿಗೆ ಮಾತು ಬರುತ್ತಿತ್ತು, ಮರಾಠಿಯಲ್ಲಿ. ಆದರೆ ಒಂದು ಹಾಡು ಯಾರನ್ನು ಮಾತಾಡಿಸುತ್ತಿದೆ ಅಂತ ಗೊತ್ತಾಗದೆ ಅದರ ಬೆಲೆ ಕಟ್ಟಬಾರದು ಎಂಬ ಮಾತು ಎರಡಕ್ಕೂ ಸಲ್ಲುತ್ತದೆ.

ಲೆಕ್ಕ ಅಂದಮೇಲೆ ಖರ್ಚಿನ ಕಡೆಯನ್ನೂ ಬರೆಯಬೇಕು. ಇವತ್ತು ಕೇಳಿದರೆ 'ಪ್ರೇಮಲೋಕ'ದ ಕೀಬೋರ್ಡಿನ ತುತ್ತೂರಿ, ಪಿಟೀಲು ಬಡಕಲಾಗಿ ಕೇಳುತ್ತವೆ. ಹುಡುಗಿಯ ಹಿಂದೆ ಬಿದ್ದು ಚುಡಾಯಿಸುವುದನ್ನು ಪ್ರೀತಿ ಅಂತ ತೋರಿಸಿದ್ದು ಹೆಣ್ಣುಮಕ್ಕಳ ತಂದೆಗೆ ಈಗಲೂ ಇರುಸುಮುರುಸು. ಆಮೇಲಿನ ವರ್ಷಗಳಲ್ಲಿ ಹಂಸಲೇಖ ಅವರ ಕೆಲವು ಹಾಡುಗಳ ದ್ವಂದ್ವಾರ್ಥದ ಬಗ್ಗೆ ಬಂದ ಟೀಕೆಯೂ ಸುಮ್ಮನೆ ಬಂದದ್ದಲ್ಲ. ಎಲ್ಲಕ್ಕಿಂತ ದೊಡ್ಡ ಬಾಬತ್ತು ವಾದ್ಯಗಾರರದು. ಇಪ್ಪತ್ತು ಪಿಟೀಲಿನವರ ಸಂಬಳದ ಜಾಗದಲ್ಲಿ ಒಬ್ಬ ಕೀಬೋರ್ಡಿನವನು ಸಾಕು ಅಂತಾದರೆ ಉಳಿದ ಹತ್ತೊಂಬತ್ತು ಜನ ಎಲ್ಲಿಗೆ ಹೋಗಬೇಕು? ಬ್ಯಾಂಕಿಗೆ ಕಂಪ್ಯೂಟರ್ ಬಂದಾಗ ನಮ್ಮ ಸಂಘಟನೆಗಳು ಇದೇ ಪ್ರಶ್ನೆ ಕೇಳಿದ್ದವು. ಇನ್ನೊಂದು ಕಡೆ, 1983ರಲ್ಲಿ ಶುರುವಾದ ವಿದ್ಯಾವಂತ ನಿರುದ್ಯೋಗಿಗಳ ಸ್ವ-ಉದ್ಯೋಗ ಯೋಜನೆಯಲ್ಲಿ 25 ಸಾವಿರದವರೆಗಿನ ಸಾಲ ಕೇಳಿ ನನ್ನ ಮೇಜಿನ ಮುಂದೆ ಕೂತವರಲ್ಲಿ ಕ್ಯಾಸೆಟ್ ಅಂಗಡಿ ಇಡುತ್ತೇನೆ ಅನ್ನುವ ಹುಡುಗರೂ ಇದ್ದರು. ಒಂದೇ ಯಂತ್ರಯುಗ ಒಬ್ಬನ ಅನ್ನ ಕಿತ್ತುಕೊಂಡಿತು, ಇನ್ನೊಬ್ಬನಿಗೆ ಅಂಗಡಿ ಹಾಕಿಕೊಟ್ಟಿತು. ಆ ಅಂಗಡಿಗಳೂ ಈಗಿಲ್ಲ.

1991ರಲ್ಲಿ ನಮಗೆ ಔರಂಗಾಬಾದಿಗೆ ವರ್ಗವಾಯಿತು; 2023ರಿಂದ ಅದು ಛತ್ರಪತಿ ಸಂಭಾಜಿನಗರ. ಅಲ್ಲಿ ನಮಗೆ ಕನ್ನಡದ ಕೂಟ ಸಿಕ್ಕಲಿಲ್ಲ, ಮರಾಠಿಯ ಜೊತೆ ಉರ್ದು ಮಾತಿನ ಓಣಿಗಳು. ಆ ವರ್ಷಗಳಲ್ಲಿ 'ರಾಮಾಚಾರಿ' ಬಂತು, 1993ರಲ್ಲಿ 'ಆಕಸ್ಮಿಕ' ಬಂತು. 'ಆಕಸ್ಮಿಕ'ದಲ್ಲಿ ರಾಜ್‌ಕುಮಾರ್ ಹಾಡಿದ ಕನ್ನಡನಾಡಿನ ಹಾಡು ಹೊರನಾಡಿನ ಪ್ರತಿ ರಾಜ್ಯೋತ್ಸವದ ಕಡ್ಡಾಯ ಬಾಬತ್ತಾಯಿತು. ಬರೆದವರೂ ರಾಗ ಹಾಕಿದವರೂ ಹಂಸಲೇಖ ಅವರೇ. 'ಗಾನಯೋಗಿ ಪಂಚಾಕ್ಷರಿ ಗವಾಯಿ' (1995) ಚಿತ್ರದ ಸಂಗೀತಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದು ಗದುಗಿನ ಹಿಂದೂಸ್ತಾನಿ ಪರಂಪರೆಯ ಕಥೆ. ಹಳೆಯದು ಗೊತ್ತಿಲ್ಲದ್ದಕ್ಕೆ ಯಂತ್ರ ಹಿಡಿದರು ಎಂಬ ಮಾತು ಅಲ್ಲಿಗೆ ನಿಂತಿತು. 2023ರಲ್ಲಿ ಮೈಸೂರು ದಸರಾ ಉದ್ಘಾಟಿಸಿದವರೂ ಅವರೇ. ಈಗ ಅವರು ಹಿರಿಯರ ಸಾಲಿನಲ್ಲಿದ್ದಾರೆ, ಹೊಸ ಹುಡುಗರ ಸಂಗೀತ ಗದ್ದಲ ಅಂತ ದೂರುವವರು ಅವರ ಕಾಲವನ್ನೇ ಮಾದರಿಯಾಗಿ ತೋರಿಸುತ್ತಾರೆ!

ನಿವೃತ್ತಿಯಾದ ಮೇಲೆ ನಾವು ನಾಸಿಕ್ ರೋಡಿನಲ್ಲೇ ಉಳಿದೆವು. ನಮ್ಮ ಕೂಟದ ಮನೆಗಳಲ್ಲಿ ಮಕ್ಕಳಿಗೆ ಕನ್ನಡ ಉಳಿದದ್ದು ಕೆಲವರಲ್ಲಿ, ಹೋದದ್ದು ಹಲವರಲ್ಲಿ. ಒಂದು ಕ್ಯಾಸೆಟ್ಟಿನಿಂದ ಭಾಷೆ ಉಳಿಯಿತು ಅಂದರೆ ಅತಿಯಾದೀತು. ಮನೆಯಲ್ಲಿ ಆಡುವವರು ಬೇಕು, ರಜಕ್ಕೆ ಊರು ಬೇಕು, ಅಲ್ಲಿ ಜಗಳಕ್ಕೆ ಒಬ್ಬ ಅಜ್ಜಿ ಬೇಕು. ಆದರೆ 'ಪ್ರೇಮಲೋಕ'ವನ್ನು ತೂಗುವವರು ಬರೀ ರಾಗ, ವಾದ್ಯ ಮಾತ್ರ ತೂಗದೆ, ಅದರ ಬಾಯಲ್ಲಿದ್ದ ಕನ್ನಡವನ್ನೂ ತಕ್ಕಡಿಗೆ ಹಾಕಬೇಕು ಅಂತ ನನ್ನ ಅರಿಕೆ. ಮಗಳು ಈಗ ಪುಣೆಯಲ್ಲಿದ್ದಾಳೆ, ಅಳಿಯ ಮರಾಠಿಯವರು. ಮೊಮ್ಮಗ ಫೋನಿನಲ್ಲಿ ನನ್ನ ಜೊತೆ ಕನ್ನಡದಲ್ಲೇ ವಾದ ಮಾಡುತ್ತಾನೆ, ಸಿಟ್ಟು ಬಂದರೆ ಮಾತ್ರ ಮರಾಠಿ.