ಲಿಬ್ರೆಆಫೀಸ್ ಇಂಪ್ರೆಸ್

ಲಿಬ್ರೆಆಫೀಸ್ ಇಂಪ್ರೆಸ್ ಎಂಬುದು ಸ್ಲೈಡ್‌ಗಳ ರೂಪದಲ್ಲಿ ಪ್ರಸ್ತುತಿಗಳನ್ನು ಸಿದ್ಧಪಡಿಸಲು ಹಾಗೂ ಅವುಗಳನ್ನು ಪರದೆಯ ಮೇಲೆ ಪ್ರದರ್ಶಿಸಲು ಬಳಸುವ ಸ್ವತಂತ್ರ ಮತ್ತು ಮುಕ್ತ ತಂತ್ರಾಂಶವಾಗಿದೆ. ಇದು ದಿ ಡಾಕ್ಯುಮೆಂಟ್ ಫೌಂಡೇಶನ್ ಸಂಸ್ಥೆಯ ಆಶ್ರಯದಲ್ಲಿ ಅಭಿವೃದ್ಧಿಯಾಗುತ್ತಿರುವ ಲಿಬ್ರೆಆಫೀಸ್ ಕಚೇರಿ ತಂತ್ರಾಂಶ ಸಮೂಹದ ಒಂದು ಭಾಗ. ವಿಂಡೋಸ್, ಮ್ಯಾಕ್ ಹಾಗೂ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಇದು ಉಚಿತವಾಗಿ ಲಭ್ಯವಿದೆ. ಮೈಕ್ರೋಸಾಫ್ಟ್ ಪವರ್‌ಪಾಯಿಂಟ್, ಆಪಲ್ ಕೀನೋಟ್ ಮತ್ತು ಗೂಗಲ್ ಸ್ಲೈಡ್ಸ್ ಇದೇ ಬಗೆಯ ಇತರ ತಂತ್ರಾಂಶಗಳು. ಇವುಗಳಲ್ಲಿ ಯಾವುದಾದರೂ ಒಂದನ್ನು ಚೆನ್ನಾಗಿ ಕಲಿತವರಿಗೆ ಉಳಿದವುಗಳ ಬಳಕೆ ಹೆಚ್ಚು ಕಷ್ಟವಾಗುವುದಿಲ್ಲ.

ಹಿನ್ನೆಲೆ

ಗಣಕಯಂತ್ರ ಬಳಕೆಗೆ ಬರುವ ಮೊದಲು ಉಪನ್ಯಾಸಕರು ಪಾರದರ್ಶಕ ಹಾಳೆಗಳ ಮೇಲೆ ಬರೆದು ಓವರ್‌ಹೆಡ್ ಪ್ರೊಜೆಕ್ಟರಿನ ಮೂಲಕ ತೋರಿಸುತ್ತಿದ್ದರು, ಇಲ್ಲವೇ 35 ಮಿ.ಮೀ. ಫಿಲ್ಮಿನಿಂದ ತಯಾರಿಸಿದ ಸ್ಲೈಡ್‌ಗಳನ್ನು ಬಳಸುತ್ತಿದ್ದರು. 'ಸ್ಲೈಡ್' ಎಂಬ ಹೆಸರು ಅಲ್ಲಿಂದಲೇ ಉಳಿದುಬಂದಿದೆ. ಫೋರ್‌ಥಾಟ್ ಎಂಬ ಸಣ್ಣ ಕಂಪನಿಯಲ್ಲಿ ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಡೆನಿಸ್ ಆಸ್ಟಿನ್ ರೂಪಿಸಿದ ಪವರ್‌ಪಾಯಿಂಟ್ 1987ರಲ್ಲಿ ಮೆಕಿಂಟೋಷ್ ಗಣಕಗಳಿಗಾಗಿ ಬಿಡುಗಡೆಯಾಯಿತು. ಅದೇ ವರ್ಷ ಮೈಕ್ರೋಸಾಫ್ಟ್ ಆ ಕಂಪನಿಯನ್ನು 1.4 ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು. ಆರಂಭದಲ್ಲಿ ಪಾರದರ್ಶಕ ಹಾಳೆಗಳನ್ನು ಮುದ್ರಿಸಿಕೊಳ್ಳುವುದೇ ಅದರ ಮುಖ್ಯ ಉಪಯೋಗವಾಗಿತ್ತು. ನೇರವಾಗಿ ಗಣಕದಿಂದ ಪರದೆಗೆ ತೋರಿಸುವ ರೂಢಿ ಅನಂತರದ ದಶಕದಲ್ಲಿ ಬೆಳೆಯಿತು.

ಇಂಪ್ರೆಸ್‌ನ ಮೂಲ ಜರ್ಮನಿಯ ಸ್ಟಾರ್ ಡಿವಿಷನ್ ಕಂಪನಿಯ ಸ್ಟಾರ್‌ಆಫೀಸ್ ತಂತ್ರಾಂಶದಲ್ಲಿದೆ. 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಆ ಕಂಪನಿಯನ್ನು ಖರೀದಿಸಿ, 2000ದಲ್ಲಿ ತಂತ್ರಾಂಶದ ಆಕರ ಸಂಕೇತವನ್ನು ಓಪನ್‌ಆಫೀಸ್ ಎಂಬ ಹೆಸರಿನಲ್ಲಿ ಸಾರ್ವಜನಿಕರಿಗೆ ತೆರೆಯಿತು. 2010ರಲ್ಲಿ ಸನ್ ಕಂಪನಿಯು ಒರೇಕಲ್ ವಶಕ್ಕೆ ಹೋದ ಬಳಿಕ ಸಮುದಾಯದ ಬಹುಪಾಲು ಅಭಿವರ್ಧಕರು ಪ್ರತ್ಯೇಕಗೊಂಡು, ಆ ವರ್ಷದ ಸೆಪ್ಟೆಂಬರಿನಲ್ಲಿ ಲಿಬ್ರೆಆಫೀಸ್ ಯೋಜನೆಯನ್ನು ಪ್ರಕಟಿಸಿದರು. ಅದರ ಮೊದಲ ಸ್ಥಿರ ಆವೃತ್ತಿ 2011ರ ಜನವರಿಯಲ್ಲಿ ಹೊರಬಂದಿತು.

ಪರದೆಯ ರಚನೆ

ತಂತ್ರಾಂಶವನ್ನು ತೆರೆದಾಗ ಸಾಮಾನ್ಯವಾಗಿ ಸಿದ್ಧ ವಿನ್ಯಾಸಗಳ ಒಂದು ಕಿಟಕಿ ಕಾಣಿಸಿಕೊಳ್ಳುತ್ತದೆ. ಹೊಸಬರು ಇದನ್ನು ಮುಚ್ಚಿ ಖಾಲಿ ಸ್ಲೈಡಿನಿಂದ ಆರಂಭಿಸಿದರೂ ನಷ್ಟವಿಲ್ಲ, ವಿನ್ಯಾಸವನ್ನು ಯಾವಾಗ ಬೇಕಾದರೂ ಬದಲಿಸಬಹುದು. ಮುಖ್ಯ ಕಿಟಕಿಯ ಎಡಭಾಗದಲ್ಲಿ ಎಲ್ಲ ಸ್ಲೈಡ್‌ಗಳ ಚಿಕ್ಕ ಚಿತ್ರಗಳ ಸಾಲು, ನಡುವೆ ಸಂಪಾದಿಸುತ್ತಿರುವ ಸ್ಲೈಡ್, ಬಲಭಾಗದಲ್ಲಿ ಪಾರ್ಶ್ವಪಟ್ಟಿ ಇರುತ್ತವೆ. ಪಾರ್ಶ್ವಪಟ್ಟಿಯಲ್ಲಿ ಶೀರ್ಷಿಕೆ ಮಾತ್ರ ಇರುವುದು, ಶೀರ್ಷಿಕೆಯೊಡನೆ ಒಂದು ಅಂಕಣವಿರುವುದು, ಎರಡು ಅಂಕಣಗಳಿರುವುದು ಎಂಬಂತೆ ಹಲವು ವಿನ್ಯಾಸಗಳು ದೊರೆಯುತ್ತವೆ. ಕಂಟ್ರೋಲ್ ಮತ್ತು ಎಂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಹೊಸ ಸ್ಲೈಡ್ ಸೇರಿಕೊಳ್ಳುತ್ತದೆ.

ವಿನ್ಯಾಸದಲ್ಲಿ ಮೊದಲೇ ಇರುವ ಶೀರ್ಷಿಕೆಯ ಚೌಕದಲ್ಲಿಯೇ ಶೀರ್ಷಿಕೆಯನ್ನು ಬರೆಯುವುದು ಅಗತ್ಯ. ಅದನ್ನು ಅಳಿಸಿ ಬೇರೊಂದು ಪಠ್ಯಚೌಕವನ್ನು ಎಳೆದು ಅದರಲ್ಲಿ ಬರೆದರೂ ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ತಂತ್ರಾಂಶಕ್ಕೆ ಅದು ಶೀರ್ಷಿಕೆಯೆಂದು ಗೊತ್ತಾಗುವುದಿಲ್ಲ. ಆದ್ದರಿಂದ ರೂಪರೇಖೆಯ ನೋಟದಲ್ಲಿ ಅದು ಕಾಣಿಸುವುದಿಲ್ಲ, ಮಾಸ್ಟರ್ ಸ್ಲೈಡಿನಲ್ಲಿ ಮಾಡಿದ ಬದಲಾವಣೆ ಅದಕ್ಕೆ ತಗಲುವುದಿಲ್ಲ.

ಪ್ರಸ್ತುತಿಯ ರಚನೆ

ಸ್ಲೈಡ್‌ಗಳಿಗೆ ಬಣ್ಣ ತುಂಬುವುದಕ್ಕೆ ಮೊದಲು ಹೇಳಬೇಕಾದ ವಿಷಯದ ಕ್ರಮವನ್ನು ಬರೆದುಕೊಳ್ಳುವುದು ಉತ್ತಮ. ಇದಕ್ಕೆ ಇಂಪ್ರೆಸ್‌ನ ರೂಪರೇಖೆಯ ನೋಟ, ಅಂದರೆ 'ವ್ಯೂ' ಪಟ್ಟಿಯ 'ಔಟ್‌ಲೈನ್', ಬಹಳ ಅನುಕೂಲಕರ. ಹೊಸಬರು ಇದನ್ನು ಅಷ್ಟಾಗಿ ಗಮನಿಸದಿರುವುದು ಆಶ್ಚರ್ಯದ ಸಂಗತಿ. ಇಲ್ಲಿ ಇಡೀ ಪ್ರಸ್ತುತಿಯನ್ನು ಒಂದು ಬರೆಹದಂತೆ ಸಾಲುಸಾಲಾಗಿ ಬರೆಯಬಹುದು. ಮೊದಲ ಹಂತದ ಪ್ರತಿಯೊಂದು ಸಾಲೂ ಒಂದು ಸ್ಲೈಡಿನ ಶೀರ್ಷಿಕೆಯಾಗುತ್ತದೆ. ಟ್ಯಾಬ್ ಕೀಲಿ ಒತ್ತಿದರೆ ಆ ಸಾಲು ಒಂದು ಹಂತ ಒಳಗೆ ಸರಿದು ಹಿಂದಿನ ಸ್ಲೈಡಿನ ಅಂಶವಾಗುತ್ತದೆ. ಶಿಫ್ಟ್ ಮತ್ತು ಟ್ಯಾಬ್ ಒತ್ತಿದರೆ ಮರಳಿ ಹೊರಗೆ ಬರುತ್ತದೆ.

ಉದಾಹರಣೆಗೆ, ಕಾವೇರಿಯ ಉಪನದಿಗಳ ಬಗ್ಗೆ ತರಗತಿಯಲ್ಲಿ ಹತ್ತು ನಿಮಿಷ ಮಾತನಾಡಬೇಕಾದ ವಿದ್ಯಾರ್ಥಿಯನ್ನು ಊಹಿಸಬಹುದು. 'ಹೇಮಾವತಿ', 'ಕಬಿನಿ', 'ಅರ್ಕಾವತಿ' ಎಂದು ಬರಿಯ ಹೆಸರುಗಳನ್ನು ಶೀರ್ಷಿಕೆಯಾಗಿಟ್ಟು ಕೆಳಗೆ ಪುಸ್ತಕದ ಸಾಲುಗಳನ್ನು ತುಂಬುವುದು ಸಾಮಾನ್ಯ ರೂಢಿ. ಅದರ ಬದಲು 'ಕಬಿನಿಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ' ಎಂಬ ಪೂರ್ಣ ವಾಕ್ಯವನ್ನೇ ಶೀರ್ಷಿಕೆಯಾಗಿಟ್ಟು, ಕೆಳಗೆ ಆ ಸಂಗಮವನ್ನು ತೋರಿಸುವ ಒಂದು ನಕ್ಷೆಯನ್ನು ಮಾತ್ರ ಇಟ್ಟರೆ ಕೇಳುಗರಿಗೆ ವಿಷಯ ಕೂಡಲೇ ತಿಳಿಯುತ್ತದೆ. ಉಳಿದ ವಿವರಗಳು ಮಾತನಾಡುವವರ ಬಾಯಿಂದ ಬರಬೇಕು. ಅವುಗಳನ್ನು ನೆನಪಿಗಾಗಿ 'ನೋಟ್ಸ್' ನೋಟದಲ್ಲಿ ಬರೆದಿಟ್ಟುಕೊಳ್ಳಬಹುದು. ಅಲ್ಲಿ ಬರೆದದ್ದು ಸಭೆಯ ಪರದೆಯಲ್ಲಿ ಕಾಣಿಸುವುದಿಲ್ಲ.

ಬರೆದ ಸ್ಲೈಡ್‌ಗಳ ಕ್ರಮವನ್ನು ಬದಲಿಸಲು 'ಸ್ಲೈಡ್ ಸಾರ್ಟರ್' ನೋಟ ಉಪಯುಕ್ತ. ಇಲ್ಲಿ ಸ್ಲೈಡ್‌ಗಳನ್ನು ಮೇಜಿನ ಮೇಲೆ ಹರಡಿದ ಎಲೆಗಳಂತೆ ಹಿಡಿದೆಳೆದು ಹಿಂದುಮುಂದು ಮಾಡಬಹುದು. ಬೇಡವೆನಿಸಿದ ಸ್ಲೈಡನ್ನು ಅಳಿಸದೆ ಮರೆಮಾಡಿಡುವ ಸೌಲಭ್ಯವೂ ಇದೆ.

ಮಾಸ್ಟರ್ ಸ್ಲೈಡ್

ಎಲ್ಲ ಸ್ಲೈಡ್‌ಗಳಿಗೂ ಸಮಾನವಾದ ಹಿನ್ನೆಲೆ, ಅಕ್ಷರಶೈಲಿ, ಅಕ್ಷರಗಾತ್ರ, ಶಾಲೆಯ ಲಾಂಛನ ಮುಂತಾದವುಗಳನ್ನು ಒಂದೇ ಕಡೆ ನಿಗದಿಪಡಿಸುವ ಮೂಲ ಸ್ಲೈಡಿಗೆ ಮಾಸ್ಟರ್ ಸ್ಲೈಡ್ ಎನ್ನುತ್ತಾರೆ. 'ವ್ಯೂ' ಪಟ್ಟಿಯ ಮೂಲಕ ಇದನ್ನು ತೆರೆಯಬಹುದು. ಮೂವತ್ತು ಸ್ಲೈಡ್‌ಗಳ ಶೀರ್ಷಿಕೆಯ ಬಣ್ಣವನ್ನು ಒಂದೊಂದಾಗಿ ಬದಲಿಸುವ ಕೆಲಸ ಇಲ್ಲಿ ಒಂದೇ ಬಾರಿಗೆ ಮುಗಿಯುತ್ತದೆ. ಆದರೆ ಯಾವುದಾದರೂ ಸ್ಲೈಡಿನಲ್ಲಿ ಬಳಕೆದಾರರು ಕೈಯಾರೆ ಬೇರೆ ಬಣ್ಣ ಕೊಟ್ಟಿದ್ದರೆ ಆ ಸ್ಲೈಡ್ ಮಾಸ್ಟರಿನ ಮಾತನ್ನು ಕೇಳುವುದಿಲ್ಲ. ಅಂಥ ಕಡೆ ಪಠ್ಯವನ್ನು ಆಯ್ದುಕೊಂಡು ನೇರ ಅಲಂಕಾರವನ್ನು ತೆರವುಗೊಳಿಸಬೇಕಾಗುತ್ತದೆ.

ಸ್ಲೈಡಿನ ಅಳತೆಯನ್ನು ಆರಂಭದಲ್ಲಿಯೇ ನಿರ್ಧರಿಸುವುದು ಒಳ್ಳೆಯದು. ಈಗಿನ ಪ್ರೊಜೆಕ್ಟರುಗಳು ಮತ್ತು ದೂರದರ್ಶನ ಪರದೆಗಳು ಬಹುತೇಕ 16:9 ಪ್ರಮಾಣದವು, ಹಳೆಯ ಪ್ರೊಜೆಕ್ಟರುಗಳು 4:3 ಪ್ರಮಾಣದವು. ಕೆಲಸ ಮುಗಿದ ಮೇಲೆ ಅಳತೆ ಬದಲಿಸಿದರೆ ಚಿತ್ರಗಳು ಮತ್ತು ಪಠ್ಯಚೌಕಗಳು ತಮ್ಮ ಸ್ಥಾನದಿಂದ ಸರಿಯುತ್ತವೆ.

ಕನ್ನಡ ಪಠ್ಯದ ಬಳಕೆ

ಕನ್ನಡದಲ್ಲಿ ಪ್ರಸ್ತುತಿ ಸಿದ್ಧಪಡಿಸುವವರಿಗೆ ಎದುರಾಗುವ ಮುಖ್ಯ ತೊಂದರೆ ಅಕ್ಷರಗಳದ್ದು. ಮನೆಯ ಗಣಕದಲ್ಲಿ ಸರಿಯಾಗಿ ಕಾಣುತ್ತಿದ್ದ ಕಡತವು ಸಭಾಂಗಣದ ಗಣಕದಲ್ಲಿ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಗೋಜಲಾಗಿ ಕಾಣಿಸಿಕೊಳ್ಳುವುದು ಅನೇಕರ ಅನುಭವ. ಇದಕ್ಕೆ ಕಾರಣ ಹಳೆಯ, ಯುನಿಕೋಡ್ ಅಲ್ಲದ ಅಕ್ಷರಶೈಲಿಗಳು. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಿಂದಿನ ಆವೃತ್ತಿಗಳ ಅಕ್ಷರಶೈಲಿಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಸಂಖ್ಯೆಗಳ ಜಾಗದಲ್ಲಿ ಕನ್ನಡ ಅಕ್ಷರಗಳ ಚಿತ್ರಗಳನ್ನು ಇರಿಸಲಾಗಿತ್ತು. ಕಡತದಲ್ಲಿ ಉಳಿಯುವುದು ಆ ಇಂಗ್ಲಿಷ್ ಸಂಕೇತಗಳೇ ಆದ್ದರಿಂದ, ಆ ಅಕ್ಷರಶೈಲಿ ಇಲ್ಲದ ಗಣಕಕ್ಕೆ ಅದು ಕನ್ನಡವೆಂದು ತಿಳಿಯುವ ಮಾರ್ಗವೇ ಇಲ್ಲ. ಇಂಥ ಪಠ್ಯದಲ್ಲಿ ಕನ್ನಡ ಪದವನ್ನು ಹುಡುಕಲು ಆಗುವುದಿಲ್ಲ. ದೃಷ್ಟಿದೋಷವುಳ್ಳವರು ಬಳಸುವ ಪರದೆ ಓದುಗ ತಂತ್ರಾಂಶಗಳಿಗೂ ಅದು ಅರ್ಥಹೀನ.

ಯುನಿಕೋಡ್ ಶಿಷ್ಟತೆಯಲ್ಲಿ 1991ರಿಂದಲೂ ಕನ್ನಡಕ್ಕೆ ಪ್ರತ್ಯೇಕ ಸ್ಥಾನವಿದೆ. ಆದ್ದರಿಂದ ಪ್ರಸ್ತುತಿಯ ಪಠ್ಯವನ್ನು ಯುನಿಕೋಡಿನಲ್ಲಿಯೇ ಬರೆಯಬೇಕು. ನುಡಿಯ ಕೀಲಿಮಣೆ ವಿನ್ಯಾಸಕ್ಕೆ ಒಗ್ಗಿದವರು ಅದನ್ನು ಬಿಡಬೇಕಾಗಿಲ್ಲ, ಅದೇ ವಿನ್ಯಾಸದಲ್ಲಿ ಯುನಿಕೋಡ್ ಪಠ್ಯವನ್ನು ಬೆರಳಚ್ಚಿಸುವ ಸೌಲಭ್ಯ ಈಗ ಇದೆ. ಹಳೆಯ ಪಠ್ಯವನ್ನು ಯುನಿಕೋಡಿಗೆ ಪರಿವರ್ತಿಸುವ ಉಪಕರಣಗಳೂ ಉಚಿತವಾಗಿ ದೊರೆಯುತ್ತವೆ, ಆದರೆ ಪರಿವರ್ತನೆಯ ನಂತರ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಿನಿಂದಲೇ ಪರಿಶೀಲಿಸುವುದು ಲೇಸು.

ಲಿಬ್ರೆಆಫೀಸ್ ಕನ್ನಡವನ್ನು 'ಸಂಕೀರ್ಣ ಲಿಪಿ'ಗಳ ಗುಂಪಿನಲ್ಲಿ ಸೇರಿಸುತ್ತದೆ. 'ಟೂಲ್ಸ್' ಪಟ್ಟಿಯ 'ಆಪ್ಷನ್ಸ್' ವಿಭಾಗದ ಭಾಷಾ ವ್ಯವಸ್ಥೆಯಲ್ಲಿ ಈ ಗುಂಪನ್ನು ಸಕ್ರಿಯಗೊಳಿಸಿ ಭಾಷೆಯನ್ನು ಕನ್ನಡವೆಂದು ಆರಿಸಬೇಕು. ಆ ಬಳಿಕ ಅಕ್ಷರಗಳ ಸಂವಾದ ಚೌಕದಲ್ಲಿ ಇಂಗ್ಲಿಷಿಗೂ ಕನ್ನಡಕ್ಕೂ ಬೇರೆ ಬೇರೆ ಅಕ್ಷರಶೈಲಿ ಮತ್ತು ಗಾತ್ರ ನಿಗದಿಪಡಿಸುವ ಅವಕಾಶ ಕಾಣಿಸುತ್ತದೆ. ಮೇಲಿನ ಭಾಗದಲ್ಲಿ ಗಾತ್ರ ಬದಲಿಸಿದರೂ ಕನ್ನಡ ಅಕ್ಷರಗಳು ಮೊದಲಿನಂತೆಯೇ ಉಳಿದವೆಂದು ಗೊಂದಲಕ್ಕೊಳಗಾಗುವವರಿಗೆ ಕಾರಣ ಇಲ್ಲಿದೆ.

ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಮತ್ತು ಲೋಹಿತ್ ಕನ್ನಡ ಮುಕ್ತ ಪರವಾನಗಿಯಲ್ಲಿ ದೊರೆಯುವ ಅಕ್ಷರಶೈಲಿಗಳು. ವಿಂಡೋಸ್‌ನಲ್ಲಿ ತುಂಗಾ ಮತ್ತು ನಿರ್ಮಲಾ ಯುಐ ಬಳಕೆಯಲ್ಲಿವೆ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷ್ ಪಠ್ಯಕ್ಕಿಂತ ಹೆಚ್ಚು ಸಾಲಂತರ ಬೇಕಾಗುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತವರಿಗೂ ಒತ್ತುಗಳು ಸ್ಪಷ್ಟವಾಗಬೇಕಾದರೆ ಮುಖ್ಯ ಪಠ್ಯವು 28 ಪಾಯಿಂಟಿಗಿಂತ ಕಡಿಮೆ ಇರದಿರುವುದು ಒಳಿತು. ಪಠ್ಯ ಹೆಚ್ಚಾದಂತೆಲ್ಲ ಅಕ್ಷರಗಳನ್ನು ತಾನಾಗಿಯೇ ಕುಗ್ಗಿಸುವ ಸೌಲಭ್ಯವೊಂದು ಇಂಪ್ರೆಸ್‌ನಲ್ಲಿದೆ. ಅದು ಕೆಲಸ ಮಾಡಲಾರಂಭಿಸಿತೆಂದರೆ ಆ ಸ್ಲೈಡನ್ನು ಎರಡಾಗಿ ಒಡೆಯುವ ಕಾಲ ಬಂದಿದೆ ಎಂದೇ ತಿಳಿಯಬೇಕು.

ಚಿತ್ರ, ನಕ್ಷೆ ಮತ್ತು ಚಲನೆ

'ಇನ್ಸರ್ಟ್' ಪಟ್ಟಿಯಿಂದ ಚಿತ್ರ, ಕೋಷ್ಟಕ, ಆಲೇಖ, ಧ್ವನಿ ಮತ್ತು ವೀಡಿಯೊಗಳನ್ನು ಸೇರಿಸಬಹುದು. ಚಿತ್ರ ಅಥವಾ ವೀಡಿಯೊ ಸೇರಿಸುವಾಗ 'ಲಿಂಕ್' ಎಂಬ ಆಯ್ಕೆಯನ್ನು ಗುರುತು ಮಾಡಿದರೆ ಕಡತದೊಳಗೆ ಅದರ ವಿಳಾಸ ಮಾತ್ರ ಉಳಿಯುತ್ತದೆ. ಪೆನ್‌ಡ್ರೈವಿನಲ್ಲಿ ಪ್ರಸ್ತುತಿಯನ್ನಷ್ಟೇ ಒಯ್ದರೆ ಬೇರೆ ಗಣಕದಲ್ಲಿ ಚಿತ್ರದ ಜಾಗ ಖಾಲಿ ಇರುತ್ತದೆ. ಚಿತ್ರದ ಗಾತ್ರವನ್ನು ಮೂಲೆಯ ಹಿಡಿಕೆಯಿಂದ, ಉದ್ದಗಲದ ಪ್ರಮಾಣ ಕೆಡದಂತೆ ಬದಲಿಸಬೇಕು.

ಒಂದು ಸ್ಲೈಡಿನಿಂದ ಇನ್ನೊಂದಕ್ಕೆ ಸಾಗುವ ಬಗೆಗೆ ಸಂಕ್ರಮಣ ಎಂದೂ ಸ್ಲೈಡಿನೊಳಗಿನ ವಸ್ತುಗಳು ಒಂದೊಂದಾಗಿ ಮೂಡುವುದಕ್ಕೆ ಅನಿಮೇಷನ್ ಎಂದೂ ಹೆಸರು. ಹೊಸತಾಗಿ ಕಲಿಯುವವರನ್ನು ಹೆಚ್ಚು ಸೆಳೆಯುವುದೂ ಕೇಳುಗರಿಗೆ ಬೇಗ ಬೇಸರ ತರುವುದೂ ಇವೇ. ಒಂದು ಪ್ರಕ್ರಿಯೆಯ ಹಂತಗಳನ್ನು ಅಥವಾ ಲೆಕ್ಕದ ಸಾಲುಗಳನ್ನು ಒಂದಾದ ಮೇಲೊಂದರಂತೆ ತೋರಿಸುವುದಕ್ಕೆ ಅನಿಮೇಷನ್ ನಿಜವಾಗಿ ಸಹಾಯಕ.

ಪ್ರದರ್ಶನ

ಎಫ್5 ಕೀಲಿ ಒತ್ತಿದರೆ ಮೊದಲ ಸ್ಲೈಡಿನಿಂದಲೂ ಶಿಫ್ಟ್ ಜೊತೆ ಎಫ್5 ಒತ್ತಿದರೆ ಸಂಪಾದಿಸುತ್ತಿರುವ ಸ್ಲೈಡಿನಿಂದಲೂ ಪ್ರದರ್ಶನ ಆರಂಭವಾಗುತ್ತದೆ. ಎಸ್ಕೇಪ್ ಕೀಲಿಯಿಂದ ಹೊರಬರಬಹುದು. ಪ್ರದರ್ಶನದ ನಡುವೆ ಬಿ ಕೀಲಿ ಒತ್ತಿದರೆ ಪರದೆ ಕಪ್ಪಾಗುತ್ತದೆ, ಡಬ್ಲ್ಯೂ ಒತ್ತಿದರೆ ಬಿಳಿಯಾಗುತ್ತದೆ. ಸಭಿಕರ ಗಮನವನ್ನು ಮಾತಿನ ಕಡೆಗೆ ಮರಳಿಸಲು ಇದು ಸುಲಭ ಉಪಾಯ. ಸ್ಲೈಡಿನ ಸಂಖ್ಯೆಯನ್ನು ಬೆರಳಚ್ಚಿಸಿ ಎಂಟರ್ ಒತ್ತಿದರೆ ನೇರವಾಗಿ ಆ ಸ್ಲೈಡಿಗೆ ಹೋಗಬಹುದು. ಪ್ರಶ್ನೋತ್ತರದ ವೇಳೆ ಇದರ ಬೆಲೆ ತಿಳಿಯುತ್ತದೆ.

ಗಣಕಕ್ಕೆ ಎರಡನೆಯ ಪರದೆಯಾಗಿ ಪ್ರೊಜೆಕ್ಟರನ್ನು ಜೋಡಿಸಿ, ಪ್ರತಿಬಿಂಬದ ಬದಲು ವಿಸ್ತರಿತ ಪರದೆಯ ವ್ಯವಸ್ಥೆಯನ್ನು ಆರಿಸಿಕೊಂಡರೆ 'ಪ್ರೆಸೆಂಟರ್ ಕನ್ಸೋಲ್' ಕೆಲಸ ಮಾಡುತ್ತದೆ. ಸಭಿಕರಿಗೆ ಸ್ಲೈಡ್ ಮಾತ್ರ ಕಾಣುತ್ತಿರುವಾಗ ಮಾತನಾಡುವವರಿಗೆ ಮುಂದಿನ ಸ್ಲೈಡ್, ಟಿಪ್ಪಣಿ ಮತ್ತು ಕಳೆದ ಸಮಯ ಕಾಣಿಸುತ್ತವೆ.

ಕಡತದ ಸ್ವರೂಪ

ಇಂಪ್ರೆಸ್‌ನ ಸ್ವಂತ ಕಡತಸ್ವರೂಪ ಒಡಿಪಿ. ಇದು ಓಪನ್‌ಡಾಕ್ಯುಮೆಂಟ್ ಶಿಷ್ಟತೆಗೆ ಸೇರಿದ್ದು. ಈ ಶಿಷ್ಟತೆಗೆ 2006ರಲ್ಲಿ ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು. ಪವರ್‌ಪಾಯಿಂಟಿನ ಪಿಪಿಟಿಎಕ್ಸ್ ಕಡತಗಳನ್ನೂ ಇಂಪ್ರೆಸ್ ತೆರೆಯಬಲ್ಲದು ಮತ್ತು ಉಳಿಸಬಲ್ಲದು. ಆದರೆ ಈ ರೂಪಾಂತರದಲ್ಲಿ ಸಾಲುಗಳ ಅಂತರ ಮತ್ತು ಕೆಲವು ಅನಿಮೇಷನ್‌ಗಳು ಬದಲಾಗುವ ಸಂಭವವಿದೆ. ಮೂಲಪ್ರತಿಯನ್ನು ಒಡಿಪಿಯಲ್ಲಿ ಇಟ್ಟುಕೊಂಡು, ಅಗತ್ಯವಿದ್ದಾಗ ಪಿಪಿಟಿಎಕ್ಸ್ ಪ್ರತಿಯನ್ನು ತೆಗೆಯುವುದು ವಾಡಿಕೆ. 'ಫೈಲ್' ಪಟ್ಟಿಯ 'ಪ್ರಾಪರ್ಟೀಸ್' ಚೌಕದಲ್ಲಿ ಅಕ್ಷರಶೈಲಿಗಳನ್ನು ಕಡತದೊಳಗೇ ಅಡಕಗೊಳಿಸುವ ಆಯ್ಕೆಯಿದೆ. ಪರಸ್ಥಳಕ್ಕೆ ಹೋಗುವವರು ಜೊತೆಗೊಂದು ಪಿಡಿಎಫ್ ಪ್ರತಿಯನ್ನೂ ಒಯ್ಯುವುದು ಕ್ಷೇಮ. ಅದರಲ್ಲಿ ಚಲನೆಗಳು ಉಳಿಯುವುದಿಲ್ಲ, ಆದರೆ ಕನ್ನಡ ಅಕ್ಷರಗಳು ಎಲ್ಲಿಯೂ ಕೆಡುವುದಿಲ್ಲ.

ಟೀಕೆಗಳು

ಸ್ಲೈಡ್‌ಗಳ ಮೂಲಕ ವಿಚಾರ ಮಂಡಿಸುವ ಪದ್ಧತಿಯ ಬಗ್ಗೆ ತೀವ್ರ ಟೀಕೆಗಳಿವೆ. ಅಮೆರಿಕದ ವಿದ್ವಾಂಸ ಎಡ್ವರ್ಡ್ ಟಫ್ಟಿ 2003ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಚುಕ್ಕಿಪಟ್ಟಿಗಳು ವಾದದ ಕೊಂಡಿಗಳನ್ನು ಕಡಿದುಹಾಕುತ್ತವೆ ಎಂದು ವಾದಿಸಿದರು. ಅದೇ ವರ್ಷದ ಫೆಬ್ರುವರಿ 1ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಮರಳುವಾಗ ಒಡೆದು, ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ಮೃತಪಟ್ಟರು. ಉಡಾವಣೆಯ ವೇಳೆ ಕಳಚಿದ ನೊರೆಯ ತುಂಡೊಂದು ರೆಕ್ಕೆಗೆ ಬಡಿದದ್ದು ಇದಕ್ಕೆ ಕಾರಣ. ನೌಕೆ ಇನ್ನೂ ಬಾಹ್ಯಾಕಾಶದಲ್ಲಿದ್ದಾಗ ಆ ಪೆಟ್ಟಿನ ಬಗ್ಗೆ ಎಂಜಿನಿಯರುಗಳು ಸ್ಲೈಡ್‌ಗಳ ಮೂಲಕ ವರದಿ ಮಾಡಿದ್ದರು. ಅವುಗಳಲ್ಲೊಂದರ ಶೀರ್ಷಿಕೆ ನಿಶ್ಚಿಂತೆಯ ಭಾವ ಮೂಡಿಸುವಂತಿತ್ತು. ಬಡಿದ ತುಂಡು ಪರೀಕ್ಷೆಗಳಲ್ಲಿ ಬಳಸಿದ್ದಕ್ಕಿಂತ ನೂರಾರು ಪಟ್ಟು ದೊಡ್ಡದೆಂಬ ಸಂಗತಿ ಸ್ಲೈಡಿನ ತಳದಲ್ಲಿ, ಸಣ್ಣ ಅಕ್ಷರಗಳಲ್ಲಿ ಹುದುಗಿತ್ತು. ಅಪಘಾತದ ತನಿಖಾ ಮಂಡಳಿಯು ಟಫ್ಟಿಯವರ ವಿಶ್ಲೇಷಣೆಯನ್ನು ತನ್ನ ವರದಿಯಲ್ಲಿ ಸೇರಿಸಿಕೊಂಡು, ತಾಂತ್ರಿಕ ಪ್ರಬಂಧಗಳ ಬದಲಿಗೆ ಸ್ಲೈಡ್‌ಗಳನ್ನು ಬಳಸುವ ರೂಢಿಯನ್ನು ಆಕ್ಷೇಪಿಸಿತು. ತಪ್ಪು ತಂತ್ರಾಂಶದ್ದಲ್ಲ, ಅದನ್ನು ಬಳಸುವ ಬಗೆಯದು ಎಂಬ ಪ್ರತಿವಾದವೂ ಉಂಟು.

ಕಲಿಕೆಯ ಸಾಮಗ್ರಿ

ಲಿಬ್ರೆಆಫೀಸ್‌ನ ಬಳಕೆದಾರ ಕೈಪಿಡಿಗಳು ಅದರ ಅಧಿಕೃತ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯು ಇಂಪ್ರೆಸ್ ಕುರಿತ ಚಿಕ್ಕ ಚಿಕ್ಕ ವೀಡಿಯೊ ಪಾಠಗಳನ್ನು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಸಿದ್ಧಪಡಿಸಿದೆ. ತಂತ್ರಾಂಶದ ಪಟ್ಟಿಗಳು ಮತ್ತು ಸಂದೇಶಗಳನ್ನು ಕನ್ನಡದಲ್ಲಿ ನೋಡಬಯಸುವವರು ಅನುಸ್ಥಾಪನೆಯ ವೇಳೆ ಕನ್ನಡ ಭಾಷೆಯನ್ನು ಆರಿಸಿಕೊಳ್ಳಬಹುದು. ಈ ಅನುವಾದವೂ ಸ್ವಯಂಸೇವಕರ ಕೆಲಸವಾಗಿದ್ದು, ಅನುವಾದವಾಗದ ಪದಗಳು ಇಂಗ್ಲಿಷಿನಲ್ಲಿಯೇ ಕಾಣಿಸುತ್ತವೆ.