ಹತ್ತರಲ್ಲೊಂದು ಪಾಲು

ಶಿಕ್ಷಣ ಸಾಲದ ಕೊನೆಯ ಕಂತು ಕಟ್ಟಿ, ಬ್ಯಾಂಕಿನಿಂದ ‘ಬಾಕಿ ಇಲ್ಲ’ ಎಂಬ ಪತ್ರ ತಂದ ದಿನ ಅಪ್ಪ ಅದನ್ನು ಎರಡು ಸಲ ಓದಿಸಿಕೊಂಡರು. ಸಾಲದ ಪತ್ರದಲ್ಲಿ ನನ್ನ ಸಹಿಯ ಪಕ್ಕದಲ್ಲೇ ಅವರ ಸಹಿಯೂ ಇತ್ತು. ಓದು ಮುಗಿಸಿ ಹೈಸ್ಕೂಲು ಮೇಷ್ಟ್ರಾದ ನಾನು ಏಳು ವರ್ಷ, ಸಂಬಳ ಬಂದ ದಿನವೇ ಕಂತಿನ ಹಣ ಎತ್ತಿಡುತ್ತಿದ್ದೆ. ಓದಿಗೆ ಸಾಲ ಕೊಡುವ ಪದ್ಧತಿ ನಮ್ಮಲ್ಲಿ ಹೇಗೆ ಬೆಳೆಯಿತು ಎಂದು ಹುಡುಕತೊಡಗಿದ್ದು ಆಮೇಲೆ.

ನಮ್ಮ ಕಡೆಯ ಹಳೆಯ ಏರ್ಪಾಡೆಂದರೆ ವಾರಾನ್ನ. ಊರು ಬಿಟ್ಟು ಓದಲು ಬಂದ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಓದು ಮುಗಿಸುತ್ತಿದ್ದ. ಅದಕ್ಕೆ ಪತ್ರವಿಲ್ಲ, ಬಡ್ಡಿಯಿಲ್ಲ. ಆದರೆ ಜಾತಿ ನೋಡಿಯೇ ಎಲೆ ಹಾಕುತ್ತಿದ್ದರು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಬೇರೆ ಬೇರೆ ಸಮುದಾಯಗಳು ತಮ್ಮ ಮಕ್ಕಳಿಗೆ ಹಾಸ್ಟೆಲು ಕಟ್ಟಿಕೊಂಡದ್ದಕ್ಕೆ ಇದೂ ಒಂದು ಕಾರಣ.

1892ರಲ್ಲಿ ಜಮ್‌ಶೆಟ್‌ಜಿ ಟಾಟಾ ವಿದೇಶದಲ್ಲಿ ಓದುವ ಭಾರತೀಯರಿಗಾಗಿ ಒಂದು ದತ್ತಿ ಸ್ಥಾಪಿಸಿದರು. ಅದು ಕೊಟ್ಟದ್ದು ದಾನವಲ್ಲ, ಸಾಲ ರೂಪದ ವಿದ್ಯಾರ್ಥಿವೇತನ. ಒಬ್ಬರು ತೀರಿಸಿದ ಹಣ ಮುಂದಿನವರ ಓದಿಗೆ ಒದಗುತ್ತಿತ್ತು. ತಿಪಟೂರಿನಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣ ಲಂಡನ್ನಿಗೆ ಹೋಗಿ ಓದಿದ್ದು ಟಾಟಾ ವಿದ್ಯಾರ್ಥಿವೇತನದ ನೆರವಿನಿಂದ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕೇಂದ್ರ ಸರ್ಕಾರ 1963ರಲ್ಲಿ ತಂದ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ. ಅದಕ್ಕೆ ಬಡ್ಡಿಯಿರಲಿಲ್ಲ. ಕೆಲಸ ಸಿಕ್ಕ ಮೇಲೆ ಕಂತಿನಲ್ಲಿ ತೀರಿಸಬೇಕು. ಆದರೆ ಸಾಲ ಪಡೆದವನು ಶಿಕ್ಷಕನಾದರೆ, ಸೇವೆ ಮಾಡಿದ ಪ್ರತಿ ವರ್ಷಕ್ಕೆ ಸಾಲದ ಹತ್ತರಲ್ಲೊಂದು ಪಾಲು ಮನ್ನಾ. ಹತ್ತು ವರ್ಷ ಪಾಠ ಹೇಳಿದರೆ ಸಾಲವೇ ಇಲ್ಲ! ಮಕ್ಕಳಿಗೆ ಕಲಿಸುವುದನ್ನೂ ಮರುಪಾವತಿ ಎಂದೇ ಸರ್ಕಾರ ಲೆಕ್ಕ ಹಿಡಿದಿತ್ತು. ಉಳಿದವರಿಂದ ವಸೂಲಿ ಸರಿಯಾಗಿ ಆಗಲಿಲ್ಲ, ಯೋಜನೆ ಸೊರಗಿತು.

ಅಷ್ಟರಲ್ಲಿ ಓದಿನ ಬೆಲೆ ಏರಿತ್ತು. ಕ್ಯಾಪಿಟೇಶನ್ ಶುಲ್ಕ ತಡೆಯಲು ಕರ್ನಾಟಕ 1984ರಲ್ಲಿ ಕಾಯ್ದೆ ಮಾಡಬೇಕಾಯಿತು. 1989ರ ಅಧಿಸೂಚನೆಯಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಶುಲ್ಕವಿದ್ದರೆ, ಹೊರರಾಜ್ಯದವರಿಗೆ 60,000. ಇದೇ ಜಗಳ 1992ರಲ್ಲಿ ಮೋಹಿನಿ ಜೈನ್ ಪ್ರಕರಣವಾಗಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಶಿಕ್ಷಣ ಹಕ್ಕು ಎಂದು ಕೋರ್ಟು ಹೇಳಿತು. ಶುಲ್ಕ ಮಾತ್ರ ಇಳಿಯಲಿಲ್ಲ.

2001ರಲ್ಲಿ ಬ್ಯಾಂಕುಗಳ ಸಂಘ ಮಾದರಿ ಶಿಕ್ಷಣ ಸಾಲ ಯೋಜನೆ ರೂಪಿಸಿತು. 4 ಲಕ್ಷದವರೆಗೆ ಅಡಮಾನ ಬೇಡ. ಅಪ್ಪ, ಅಮ್ಮನ ಸಹಿ ಸಾಕು. ಅದಿಲ್ಲದಿದ್ದರೆ ನಾನು ಎಂ.ಎಸ್ಸಿ. ಓದುತ್ತಲೇ ಇರಲಿಲ್ಲ. ಆದರೆ ಓದುವ ಕಾಲದ ಬಡ್ಡಿಯೂ ಬೆಳೆದು ಕೊನೆಗೆ ಅಸಲಿಗೆ ಸೇರುತ್ತದೆ. ಮೇಷ್ಟ್ರಾದರೂ ಅಷ್ಟೇ, ಮ್ಯಾನೇಜರಾದರೂ ಅಷ್ಟೇ.

ಹಳೆಯ ನಿಯಮ ನನಗೆ ಅನ್ವಯಿಸಿದ್ದರೆ ಆ ಏಳು ವರ್ಷಗಳಲ್ಲಿ ಹತ್ತರಲ್ಲಿ ಏಳು ಪಾಲು ಪಾಠ ಮಾಡಿಯೇ ತೀರುತ್ತಿತ್ತು. ಅಪ್ಪನಿಗೆ ಇದನ್ನು ಹೇಳಿದೆ. ‘ಹಂಗಾದ್ರೆ ಬ್ಯಾಂಕಿಗೂ ಕಟ್ಟಿದ್ದೀಯ, ಊರಿಗೂ ಕಟ್ಟಿದ್ದೀಯ’ ಅಂದರು. ಈಗ ಸಾಲದ ಅರ್ಜಿ ಹಿಡಿದು ಬರುವ ಹಳೆಯ ವಿದ್ಯಾರ್ಥಿಗಳಿಗೆ ಮೊದಲು ಹೇಳುವುದು ಒಂದೇ ಮಾತು: ಆದರೆ ಓದುವಾಗಲೇ ಬಡ್ಡಿಯನ್ನಾದರೂ ಕಟ್ಟುತ್ತ ಬನ್ನಿ.