ಹೊಸ ಓಲೆಗೆ ಹಳೆಯ ಬರೆಹ

ಮನೆಯಲ್ಲಿರುವ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮನ್ನು ಬದಲಾಯಿಸಬೇಕೆ, ಇರುವುದರಲ್ಲಿಯೇ ಸಾಗಬೇಕೆ ಎಂಬುದು ಮೇಲುನೋಟಕ್ಕೆ ಸಾಹಿತ್ಯದ ವಿದ್ಯಾರ್ಥಿ ತಲೆಹಾಕತಕ್ಕ ವಿಷಯವಲ್ಲ. ಯಂತ್ರ ಬಲ್ಲವರನ್ನು ಕೇಳಿದರೆ ಅವರು ಒಂದು ಮಾತಿನಲ್ಲಿ ತೀರ್ಪು ಹೇಳಿಯಾರು. ಆದರೆ ಕೆಲವು ತಿಂಗಳಿಂದ ಈ ಪ್ರಶ್ನೆ ನನ್ನನ್ನು ಬಿಡದೆ ಕಾಡಿದೆ. ಯೋಚಿಸಿದಷ್ಟೂ ಅದು ಯಂತ್ರದ ಪ್ರಶ್ನೆಯಾಗಿ ಉಳಿಯದೆ ಚರಿತ್ರೆಯ ಪ್ರಶ್ನೆಯಾಗುತ್ತ ಬಂದಿದೆ. ಬರೆಹವನ್ನು ಒಂದು ಆಧಾರದಿಂದ ಇನ್ನೊಂದು ಆಧಾರಕ್ಕೆ ದಾಟಿಸಿದರೆ ಏನಾಗುತ್ತದೆ, ದಾಟಿಸದಿದ್ದರೆ ಏನಾಗುತ್ತದೆ ಎಂಬುದನ್ನು ಕನ್ನಡವು ಸಾವಿರ ವರ್ಷಗಳಿಗೂ ಮಿಕ್ಕು ಅನುಭವಿಸಿ ಬಲ್ಲದು. ಆ ಅನುಭವದಿಂದ ಈ ಹೊತ್ತಿನ ಪ್ರಶ್ನೆಗೆ ಏನಾದರೂ ಬೆಳಕು ದೊರೆಯುವುದೇ ಎಂದು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಆಪರೇಟಿಂಗ್ ಸಿಸ್ಟಂ ಎಂದರೇನು? ದೊಡ್ಡ ದೇವಸ್ಥಾನಗಳಲ್ಲಿ ಪಾರುಪತ್ಯಗಾರನೆಂಬ ಅಧಿಕಾರಿ ಇರುವುದುಂಟು. ಪೂಜೆ ಮಾಡುವವನು ಅವನಲ್ಲ, ಅಡುಗೆ ಮಾಡುವವನೂ ಅವನಲ್ಲ. ಆದರೆ ಉಗ್ರಾಣದ ಬೀಗದಕೈ, ಬಂದು ಹೋಗುವವರ ಲೆಕ್ಕ, ಯಾರಿಗೆ ಯಾವ ಬಾಗಿಲು ತೆರೆಯಬೇಕೆಂಬ ನಿರ್ಣಯ, ಇವೆಲ್ಲ ಅವನ ಕೈಯಲ್ಲಿರುತ್ತವೆ. ಕಂಪ್ಯೂಟರಿನಲ್ಲಿ ಬರೆಯುವ ತಂತ್ರಾಂಶ ಬೇರೆ, ಚಿತ್ರ ತೋರಿಸುವ ತಂತ್ರಾಂಶ ಬೇರೆ. ಅವೆಲ್ಲಕ್ಕೂ ಯಂತ್ರಕ್ಕೂ ನಡುವೆ ನಿಂತು ಈ ಪಾರುಪತ್ಯವನ್ನು ನಡೆಸುವುದೇ ಆಪರೇಟಿಂಗ್ ಸಿಸ್ಟಂ. ಪಾರುಪತ್ಯಗಾರ ಬದಲಾದರೆ ದೇವರು ಬದಲಾಗುವುದಿಲ್ಲ. ಆದರೆ ಹಳೆಯ ಬೀಗದಕೈಗಳಲ್ಲಿ ಕೆಲವು ಹೊಸಬನ ಕೈಗೆ ಬಾರದೆಯೂ ಹೋಗಬಹುದು.

ಇದರ ಚರಿತ್ರೆ ದೀರ್ಘವಾದುದೇನೂ ಅಲ್ಲ. ಐಬಿಎಂ ಸಂಸ್ಥೆಯು ೧೯೮೧ರ ಆಗಸ್ಟಿನಲ್ಲಿ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಅದರ ಪಾರುಪತ್ಯಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ಒದಗಿಸಿದ್ದು ಡಾಸ್ ಎಂಬ ವ್ಯವಸ್ಥೆ. ೧೯೮೫ರ ನವೆಂಬರಿನಲ್ಲಿ ವಿಂಡೋಸ್ ಬಂದಿತು. ೧೯೯೫ರ ಆಗಸ್ಟ್ ೨೪ರಂದು ಬಂದ ವಿಂಡೋಸ್ ೯೫ ಅದನ್ನು ಮನೆಮಾತಾಗಿಸಿತು. ೨೦೦೧ರಲ್ಲಿ ಎಕ್ಸ್‌ಪಿ, ೨೦೦೯ರಲ್ಲಿ ವಿಂಡೋಸ್ ೭, ೨೦೧೫ರಲ್ಲಿ ವಿಂಡೋಸ್ ೧೦, ೨೦೨೧ರಲ್ಲಿ ವಿಂಡೋಸ್ ೧೧, ಹೀಗೆ ವಂಶಾವಳಿ ಮುಂದುವರಿಯಿತು. ಇಲ್ಲಿ ಪ್ರತಿಯೊಂದಕ್ಕೂ ಹುಟ್ಟಿದ ದಿನವಿರುವಂತೆಯೇ, ತಯಾರಿಸಿದವರೇ ಮುಂಚಿತವಾಗಿ ಗೊತ್ತುಮಾಡಿದ ಕೊನೆಯ ದಿನವೂ ಇರುತ್ತದೆ. ಎಕ್ಸ್‌ಪಿಗೆ ೨೦೧೪ರ ಏಪ್ರಿಲ್ ೮, ವಿಂಡೋಸ್ ೭ಕ್ಕೆ ೨೦೨೦ರ ಜನವರಿ ೧೪, ವಿಂಡೋಸ್ ೧೦ಕ್ಕೆ ೨೦೨೫ರ ಅಕ್ಟೋಬರ್ ೧೪. ಈ ಕಡೆಯದರ ವಿಷಯದಲ್ಲಿ, ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ೨೦೨೬ರ ಅಕ್ಟೋಬರ್ ೧೩ರವರೆಗೆ ಭದ್ರತೆಯ ತಿದ್ದುಪಡಿಗಳನ್ನು ಕೊಡುವುದಾಗಿ ಸಂಸ್ಥೆಯು ಒಂದು ವಾಯಿದೆಯನ್ನೂ ಪ್ರಕಟಿಸಿತು.

ಕೊನೆಯ ದಿನವೆಂದರೆ ಅಂದು ಯಂತ್ರ ನಿಲ್ಲುತ್ತದೆಂದಲ್ಲ. ಮಾರನೆಯ ಬೆಳಗ್ಗೆಯೂ ಅದು ಎಂದಿನಂತೆ ಎಚ್ಚರಗೊಳ್ಳುತ್ತದೆ. ನಿಲ್ಲುವುದು ತಿದ್ದುಪಡಿ. ಕೋಟ್ಯಂತರ ಜನ ಬಳಸುವ ಇಂತಹ ರಚನೆಯಲ್ಲಿ ದೋಷಗಳು ಒಂದಾದ ಮೇಲೊಂದು ಹೊರಪಡುತ್ತಲೇ ಇರುತ್ತವೆ. ಅವುಗಳನ್ನು ಮುಚ್ಚುವ ತೇಪೆಗಳೂ ಬರುತ್ತಲೇ ಇರುತ್ತವೆ. ಕೊನೆಯ ದಿನದ ಅನಂತರ ದೋಷ ಹೊರಪಡುತ್ತದೆ, ತೇಪೆ ಬರುವುದಿಲ್ಲ. ಇದು ಬರಿಯ ಬೆದರಿಕೆಯಲ್ಲವೆಂಬುದಕ್ಕೆ ೨೦೧೭ರ ಮೇ ೧೨ರಂದು ಹಬ್ಬಿದ ವನ್ನಾಕ್ರೈ ಎಂಬ ಪಿಡುಗು ಸಾಕ್ಷಿ. ಅದು ಯಂತ್ರದೊಳಗಣ ಕಡತಗಳಿಗೆಲ್ಲ ಬೀಗ ಹಾಕಿ ಸುಲಿಗೆಯ ಹಣ ಕೇಳುತ್ತಿತ್ತು. ಸುಮಾರು ನೂರೈವತ್ತು ದೇಶಗಳಲ್ಲಿ ಲಕ್ಷಗಟ್ಟಲೆ ಯಂತ್ರಗಳು ಅದರ ಬಾಯಿಗೆ ಬಿದ್ದವು. ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಆ ದೋಷಕ್ಕೆ ತೇಪೆಯನ್ನು ಎರಡು ತಿಂಗಳ ಮೊದಲು, ಮಾರ್ಚ್ ೧೪ರಂದೇ ಕೊಡಲಾಗಿತ್ತು ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಕೆಟ್ಟ ಯಂತ್ರಗಳಲ್ಲಿ ಹೆಚ್ಚಿನವು ಆಗಿನ್ನೂ ಬೆಂಬಲವಿದ್ದ ವಿಂಡೋಸ್ ೭ರವು. ಒಡೆಯರು ತೇಪೆಯನ್ನು ಹಾಕಿಸಿಕೊಂಡಿರಲಿಲ್ಲ. ಹೊಸದನ್ನು ಕೊಂಡು ತಂದರಷ್ಟೇ ಸಾಲದು, ಬಂದ ತಿದ್ದುಪಡಿಯನ್ನು ಸ್ವೀಕರಿಸುವ ವಿವೇಕವೂ ಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ.

ಇಷ್ಟೇ ಆಗಿದ್ದರೆ ಬದಲಾಯಿಸಿಬಿಡೋಣ ಎನ್ನಬಹುದಾಗಿತ್ತು. ಆದರೆ ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕು ಉಂಟು. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಬೇಕು. ಮೊದಲ ದಿನಗಳಲ್ಲಿ ಇದ್ದ ಮನೆಗಳು ೨೫೬. ಅವುಗಳಲ್ಲಿ ರೋಮನ್ ಅಕ್ಷರಗಳು ಮೊದಲೇ ಬಂದು ಒಕ್ಕಲು ಕುಳಿತಿದ್ದವು. ಕನ್ನಡದ ಫಾಂಟುಗಳನ್ನು ಮಾಡಿದವರು ಆ ಮನೆಗಳಲ್ಲಿಯೇ ನಮ್ಮ ತಲೆಕಟ್ಟು, ಕೊಂಬು, ದೀರ್ಘ, ಒತ್ತಕ್ಷರಗಳ ಚಿತ್ರಗಳನ್ನು ಹೊಂದಿಸಿದರು. ಇದೊಂದು ಯಕ್ಷಗಾನದ ವೇಷದಂತೆ. ಒಳಗಿರುವುದು ರೋಮನ್ ಅಕ್ಷರದ ಸಂಖ್ಯೆ, ಹೊರಗೆ ಕಾಣುವುದು ಕನ್ನಡದ ಬಣ್ಣ. ಫಾಂಟ್ ಇಲ್ಲದ ಯಂತ್ರಕ್ಕೆ ಕಡತವನ್ನು ಒಯ್ದರೆ ವೇಷ ಕಳಚಿ, ಅರ್ಥವಿಲ್ಲದ ಚಿಹ್ನೆಗಳ ರಾಶಿ ಎದುರು ನಿಲ್ಲುತ್ತದೆ. ಅದೂ ಅಲ್ಲದೆ ಒಂದು ಫಾಂಟಿನ ಹೊಂದಾಣಿಕೆ ಇನ್ನೊಂದಕ್ಕೆ ಒಪ್ಪುತ್ತಿರಲಿಲ್ಲ. ಹಾಗೆಂದು ಆ ಕಾಲದ ಕೆಲಸವನ್ನು ಹಗುರವಾಗಿ ಕಾಣಲಾಗದು. ಶ್ರೀ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ, ೧೯೯೮ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಇವುಗಳಿಂದಲೇ ನಮ್ಮಲ್ಲಿ ಸಾವಿರಾರು ಜನ ಕನ್ನಡದಲ್ಲಿ ಬೆರಳಾಡಿಸಲು ಕಲಿತದ್ದು.

ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಪ್ರಯತ್ನವೂ ನಡೆದಿತ್ತು. ಭಾರತೀಯ ಭಾಷೆಗಳಿಗೆಂದು ನಮ್ಮ ದೇಶದಲ್ಲಿ ೧೯೮೮ರಲ್ಲಿ ರೂಪುಗೊಂಡ ಇಸ್ಕಿ ಎಂಬ ಸಂಕೇತ ವ್ಯವಸ್ಥೆಯನ್ನು ಆಧರಿಸಿ, ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಕನ್ನಡಕ್ಕೆ ೧೨೮ ಮನೆಗಳ ಒಂದು ಪ್ರತ್ಯೇಕ ಕೇರಿಯನ್ನೇ ಬಿಟ್ಟುಕೊಟ್ಟಿತು. ಅಲ್ಲಿ ಕಕಾರ ಎಂದಿಗೂ ಕಕಾರವೇ; ಫಾಂಟ್ ಯಾವುದಾದರೇನು, ದೇಶ ಯಾವುದಾದರೇನು! ಆದರೆ ವಿಂಡೋಸಿನೊಳಗೆ ಈ ವ್ಯವಸ್ಥೆಯಲ್ಲಿ ಕನ್ನಡ ಬಂದದ್ದು ೨೦೦೧ರ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಫಾಂಟಿನೊಡನೆ. ನಡುವಣ ಹತ್ತು ವರ್ಷಗಳಲ್ಲಿ ಮತ್ತು ಅಭ್ಯಾಸಬಲದಿಂದ ಆಮೇಲೆಯೂ ಬಹುಕಾಲ, ನಾವು ಬರೆದದ್ದೆಲ್ಲ ಹಳೆಯ ವೇಷದಲ್ಲಿಯೇ ಉಳಿಯಿತು.

ನನ್ನ ಸಂಗ್ರಹವೂ ಅಂತಹುದೇ. ಶಾಸನಗಳನ್ನು ಓದುತ್ತ ಇಪ್ಪತ್ತು ವರ್ಷಗಳಲ್ಲಿ ಸಿದ್ಧಪಡಿಸಿದ ಒಂದು ಪದಸೂಚಿ ನನ್ನಲ್ಲಿದೆ. ಅದರ ಮುಕ್ಕಾಲು ಪಾಲು ಹಳೆಯ ಫಾಂಟಿನಲ್ಲಿದೆ. ಅದನ್ನು ಅಕಾರಾದಿಯಾಗಿ ಜೋಡಿಸೆಂದರೆ ಯಂತ್ರವು ಒಳಗಣ ರೋಮನ್ ಸಂಖ್ಯೆಯನ್ನು ನೋಡಿ ಜೋಡಿಸುತ್ತದೆ. ಆಗ ‘ಅರಸು’ ಒಂದು ಕಡೆ, ‘ಅಳಿಯ’ ಇನ್ನೆಲ್ಲಿಯೋ. ಅಪ್ರಕಟಿತವಾದ ಈ ಸೂಚಿಗೆ ಬೇರೆ ಪ್ರತಿಯಿಲ್ಲ. ಅದಿರುವ ಯಂತ್ರ ೨೦೧೬ರದು, ಅದರ ಪಾರುಪತ್ಯ ವಿಂಡೋಸ್ ೧೦ರದು. ವಿಂಡೋಸ್ ೧೧ ತನ್ನ ಯಂತ್ರಕ್ಕೆ ವಿಧಿಸಿದ ಲಕ್ಷಣಗಳು ಹಲವು: ನಾಲ್ಕು ಗಿಗಾಬೈಟು ಸ್ಮೃತಿ, ಅರವತ್ತನಾಲ್ಕು ಗಿಗಾಬೈಟು ಸಂಗ್ರಹಸ್ಥಳ, ಟಿಪಿಎಂ ೨.೦ ಎಂಬ ಭದ್ರತೆಯ ಅಂಗ, ಒಪ್ಪಿತ ಪಟ್ಟಿಯಲ್ಲಿರುವ ಪ್ರೊಸೆಸರು. ಆ ವಯಸ್ಸಿನ ಯಂತ್ರಗಳು ಬಹುಮಟ್ಟಿಗೆ ಆ ಪಟ್ಟಿಗೆ ಸೇರುವುದಿಲ್ಲ. ಅಲ್ಲದೆ ವಿಂಡೋಸ್ ೧೧ಕ್ಕೆ ೩೨ ಬಿಟ್‌ನ ಆವೃತ್ತಿಯೇ ಇಲ್ಲವಾದುದರಿಂದ ಡಾಸ್ ಕಾಲದ ಹಳೆಯ ತಂತ್ರಾಂಶಗಳು ಅದರಲ್ಲಿ ನೇರವಾಗಿ ನಡೆಯುವುದಿಲ್ಲ. ಆದುದರಿಂದ ಬದಲಾಯಿಸುವುದೆಂದರೆ ಅನೇಕರಿಗೆ ಯಂತ್ರವನ್ನೇ ಬದಲಾಯಿಸುವುದು ಎಂದಾಗುತ್ತದೆ. ನಿವೃತ್ತಿವೇತನದಲ್ಲಿ ಜೀವಿಸುವವರಿಗೆ ಇದು ಸಣ್ಣ ಮಾತಲ್ಲ. ಸರಿಯಾಗಿ ನಡೆಯುತ್ತಿರುವ ವಸ್ತುವನ್ನು ಮೂಲೆಗೆಸೆಯಲು ನಮ್ಮ ತಲೆಮಾರಿನ ಮನಸ್ಸು ಒಡಂಬಡುವುದೂ ಇಲ್ಲ. ಅಂತಹವರಿಗೆ ಮೂರನೆಯ ದಾರಿಯೊಂದಿದೆ. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಆರಂಭಿಸಿದ ಲಿನಕ್ಸ್ ಬೆಲೆಯಿಲ್ಲದೆ ದೊರೆಯುತ್ತದೆ, ಅದರ ಅನೇಕ ರೂಪಗಳು ಹಳೆಯ ಯಂತ್ರಗಳಲ್ಲಿಯೂ ನಡೆಯುತ್ತವೆ. ಯೂನಿಕೋಡಿನ ಕನ್ನಡವನ್ನು ಅದು ಬಲ್ಲದು.

ಈಗ ನಮ್ಮ ಪೂರ್ವಚರಿತ್ರೆಯ ಕಡೆಗೆ ತಿರುಗೋಣ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವನ್ನು ಕೆ. ಬಿ. ಪಾಠಕರು ೧೮೯೮ರಲ್ಲಿ ಅಚ್ಚಿಗೆ ತಂದರು. ಅವರಿಗೆ ದೊರೆತದ್ದು ನೃಪತುಂಗನ ಕಾಲದ ಓಲೆಯಲ್ಲ. ಪ್ರತಿಯ ಪ್ರತಿಯ ಪ್ರತಿ. ಹುಳುವಿಗೂ ತೇವಕ್ಕೂ ಈಡಾಗುವ ಓಲೆಯಿಂದ ಹೊಸ ಓಲೆಗೆ, ಹೆಸರು ತಿಳಿಯದ ಲಿಪಿಕಾರರು ತಲೆಮಾರಿನಿಂದ ತಲೆಮಾರಿಗೆ ಎತ್ತಿ ಬರೆದುದರಿಂದ ಅದು ಉಳಿಯಿತು. ಪಂಪನಿಗಿಂತ ಮೊದಲಿನ ಒಂದನೆಯ ಗುಣವರ್ಮನಿಗೆ ಆ ಭಾಗ್ಯ ದೊರೆಯಲಿಲ್ಲ. ಅವನ ಶೂದ್ರಕ, ಹರಿವಂಶಗಳಿಂದ ಇತರರು ಎತ್ತಿಕೊಂಡ ಬಿಡಿ ಪದ್ಯಗಳಷ್ಟೇ ನಮಗೆ ಉಳಿದಿವೆ. ಪೊನ್ನನ ಭುವನೈಕರಾಮಾಭ್ಯುದಯ ಇಲ್ಲ. ಆದರೆ ಅವನದೇ ಶಾಂತಿಪುರಾಣ ಇದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಒಬ್ಬನೇ ಕವಿಯ ಎರಡು ಕೃತಿಗಳಲ್ಲಿ ಒಂದು ಉಳಿದು ಒಂದು ಹೋದುದಕ್ಕೆ ಇದೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಬರೆಹ ಉಳಿಯುವುದು ಓಲೆಯ ಗಟ್ಟಿತನದಿಂದಲ್ಲ, ಪ್ರತಿಗಳ ಸಂಖ್ಯೆಯಿಂದ ಎಂದು ಆ ಮಹಾತಾಯಿ ಅರಿತಿದ್ದಳೆನ್ನಲು ಅಡ್ಡಿಯಿಲ್ಲ.

ಇದಕ್ಕೆ ಪ್ರತಿಯಾಗಿ ಮೂಡಬಿದಿರೆಯ ಉದಾಹರಣೆಯನ್ನು ಹೇಳಬಹುದು. ಹಳಗನ್ನಡ ಲಿಪಿಯಲ್ಲಿರುವ ಅಲ್ಲಿಯ ಧವಲಾ ಗ್ರಂಥದ ಓಲೆಗಳು ಶತಮಾನಗಳ ಕಾಲ ಒಂದೇ ಬಸದಿಯಲ್ಲಿ ಉಳಿದು, ೧೯೩೯ರಿಂದ ಅಚ್ಚಿನಲ್ಲಿ ಹೊರಬರತೊಡಗಿದವು. ನಿಜವೇ. ಆದರೆ ಅದು ಭಾಗ್ಯ. ಭಾಗ್ಯವನ್ನು ವಿಧಾನವೆಂದು ನಂಬುವಂತಿಲ್ಲ. ಮನೆಯ ಮೇಜಿನ ಮೇಲಿನ ಯಂತ್ರಕ್ಕೆ ಬಸದಿಯ ಕಾವಲೂ ಇಲ್ಲ.

ದಾಟುವಾಗ ನಷ್ಟವಾಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತದೆ. ಲಿಪಿಕಾರರು ತಪ್ಪಿ ಬರೆದರು, ತಿಳಿಯದ ಪದವನ್ನು ತಿಳಿದ ಪದವಾಗಿಸಿದರು. ಗ್ರಂಥಸಂಪಾದನೆ ಎಂಬ ಶಾಸ್ತ್ರವೇ ಇದರಿಂದ ಹುಟ್ಟಿತು. ಯೂನಿಕೋಡೂ ಇದಕ್ಕೆ ಹೊರತಲ್ಲ. ಕೇಶಿರಾಜನು ಅಷ್ಟೊಂದು ಎಚ್ಚರದಿಂದ ವಿವರಿಸಿದ ನಮ್ಮ ‘ೞ’ ಅಕ್ಷರಕ್ಕೆ ಅಲ್ಲಿ ಮನೆ ದೊರೆಯಿತು. ಆದರೆ ಹೆಸರುಪಟ್ಟಿಯಲ್ಲಿ ಅದನ್ನು ‘ಫ಼’ ಎಂದು ಬರೆದುಬಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಬಾರದೆಂಬುದು ಅಲ್ಲಿಯ ನಿಯಮವಾದ್ದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರು ಪರ್ಯಾಯನಾಮವಾಗಿ ಸೇರಿತು. ಅಕ್ಷರಕ್ಕೆ ಮಾತ್ರ ಧಕ್ಕೆಯಿಲ್ಲ. ಇನ್ನೊಂದು ಕಡೆ ಲಾಭವೂ ಉಂಟು. ಪದಾಂತ್ಯದಲ್ಲಿ ಸ್ವರವಿಲ್ಲದ ನಕಾರಕ್ಕೆ ಹಳೆಯ ಬರೆಹಗಳಲ್ಲಿ ಬಳಸುತ್ತಿದ್ದ ನಕಾರಪೊಲ್ಲು ಎಂಬ ವಿಶೇಷ ರೂಪಕ್ಕೆ ಯೂನಿಕೋಡಿನಲ್ಲಿ ಸ್ಥಾನ ದೊರೆತದ್ದು ೨೦೨೧ರಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ ಬೆಂಬಲ ಮುಗಿದಿದ್ದ ವಿಂಡೋಸ್ ೭ರ ಫಾಂಟುಗಳಿಗೆ ಅದರ ಪರಿಚಯವೇ ಇಲ್ಲ. ಹಳೆಯದನ್ನು ಸರಿಯಾಗಿ ಬರೆಯಲು ಹೊಸ ಸಾಧನ ಬೇಕಾಗುವ ವಿಚಿತ್ರ ಸನ್ನಿವೇಶವಿದು.

ಆದಕಾರಣ ನನ್ನ ತೀರ್ಮಾನವನ್ನು ಹೀಗೆ ಹೇಳಬಯಸುತ್ತೇನೆ. ಬದಲಾಯಿಸಬೇಕು, ಆದರೆ ಬರೆಹವನ್ನು ದಾಟಿಸಿದ ಮೇಲೆ ಯಂತ್ರವನ್ನು ಬದಲಾಯಿಸಬೇಕೇ ಹೊರತು ಯಂತ್ರವನ್ನು ಬದಲಾಯಿಸಿ ಆಮೇಲೆ ಬರೆಹವನ್ನು ಹುಡುಕಬಾರದು. ಮೊದಲು ಕಡತಗಳಿಗೆ ಎರಡು ಪ್ರತಿ. ಒಂದು ಮನೆಯಲ್ಲಿ, ಇನ್ನೊಂದು ಮನೆಯ ಹೊರಗೆ. ಕಡತದ ಜೊತೆಯಲ್ಲಿಯೇ ಅದರ ಫಾಂಟು. ಬಳಿಕ ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದು, ಲಿಪಿಕಾರನ ಓಲೆಯನ್ನು ಒಪ್ಪಿಡುವಂತೆ ಸಾಲುಸಾಲಾಗಿ ತಾಳೆ ನೋಡುವುದು. ವಿಶೇಷವಾಗಿ ಒತ್ತಕ್ಷರ, ಅರ್ಕಾವತ್ತು, ಱ, ೞಗಳನ್ನು. ಅದು ಮುಗಿದ ಮೇಲೆ ಹೊಸ ಪಾರುಪತ್ಯಗಾರ ವಿಂಡೋಸ್ ಆಗಲಿ, ಲಿನಕ್ಸ್ ಆಗಲಿ, ಅವರವರ ಕೈಯ ಹಣಕ್ಕೂ ಅನುಕೂಲಕ್ಕೂ ಬಿಟ್ಟದ್ದು. ಹಳೆಯ ಯಂತ್ರವನ್ನು ಉಳಿಸಿಕೊಂಡರೆ ಅಂತರ್ಜಾಲದ ಸಂಪರ್ಕ ಕಡಿದು, ಹಳೆಯ ಕಡತಗಳನ್ನು ಓದುವ ಕೆಲಸಕ್ಕಷ್ಟೇ ಇಟ್ಟುಕೊಳ್ಳಬಹುದು. ನನ್ನ ಪದಸೂಚಿಯಲ್ಲಿ ಸ್ವರಗಳ ಭಾಗ ಈಗಾಗಲೇ ದಾಟಿದೆ. ವ್ಯಂಜನಗಳು ಕ್ರಮವಾಗಿ ಬರುತ್ತಿವೆ.

ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ತಂದೆಯವರ ಆತ್ಮಕಥೆ, ಊರಿನ ಚರಿತ್ರೆ, ತಾಯಿಯವರಿಂದ ಕೇಳಿ ಬರೆದುಕೊಂಡ ಹಾಡುಗಳು ಹೀಗೆಯೇ ಹಳೆಯ ಫಾಂಟಿನ ಕಡತಗಳಲ್ಲಿ ಇದ್ದಾವು. ಅವುಗಳಿಗೆ ಅತ್ತಿಮಬ್ಬೆಯ ಸಾವಿರ ಪ್ರತಿಗಳು ಬೇಕಾಗಿಲ್ಲ, ಎರಡು ಸಾಕು. ಆದರೆ ಆ ಎರಡನ್ನು ಮಾಡಿಕೊಳ್ಳಬೇಕಾದದ್ದು ಹಳೆಯ ಯಂತ್ರ ಇನ್ನೂ ಎಚ್ಚರವಾಗಿರುವಾಗಲೇ.